ಕ್ರೇನಿಯೋಸೇಕ್ರಲ್ ಥೆರಪಿ: ಹೋಗುವ ಮುಂಚೆ ಗೊತ್ತಿರಲಿ



ಮಾರ್ಚ್ 1ರಿಂದ ಮೇ 1ರವರೆಗೆ ಈ ದೇಶದಲ್ಲಿ ತೆರಿಗೆ ಲೆಕ್ಕ ಸಲ್ಲಿಸುವ ಕಾಲ. ಲೆಕ್ಕ ಬರೆಯುವವರ ಕುತ್ತಿಗೆಗೆ ಅದೇ ಗ್ರಹಚಾರದ ಕಾಲ. ಹೋದ ವರ್ಷ ಆ ಎರಡು ತಿಂಗಳು ಮುಗಿಯುವಷ್ಟರಲ್ಲಿ ನಮಗೆ ತಲೆ ಎಡಕ್ಕೆ ತಿರುಗಿಸಲು ಆಗುತ್ತಿರಲಿಲ್ಲ. ಹೌಸ್‌ಆರ್ಟ್ಸ್ ಹತ್ತಿರ ಹೋದೆವು. ಹತ್ತು ನಿಮಿಷ ಪರೀಕ್ಷೆ ಮಾಡಿ, "ಪ್ಯಾರಾಸಿಟಮಾಲ್ ತೊಗೊಳ್ಳಿ, ಓಡಾಡ್ತಾ ಇರಿ, ಕೆಲವು ವಾರದಲ್ಲಿ ಹೋಗುತ್ತೆ" ಅಂದರು. ಇಲ್ಲಿಗೆ ಬಂದ ನಮ್ಮವರಿಗೆಲ್ಲ ಈ ಮಾತು ಪರಿಚಯವೇ.

ಆಫೀಸಿನ ಡಚ್ ಗೆಳತಿಯೊಬ್ಬರು "ಕ್ರೇನಿಯೋ ಮಾಡಿಸಿ ನೋಡಿ" ಅಂದರು. ಆಮ್ಸ್ಟರ್‌ಡ್ಯಾಮ್‌ನಲ್ಲಿ ಇದು ಸಾಮಾನ್ಯ ಮಾತು. ಸರಿ, ಹೋಗಿ ಬಂದೆವು. ಆಮೇಲೆ ನಮ್ಮ ಬಳಗದಲ್ಲಿ ಹಲವರು "ಏನು ಮಾಡ್ತಾರೆ, ಎಷ್ಟು ಖರ್ಚು, ಉಪಯೋಗ ಉಂಟಾ?" ಅಂತ ಕೇಳಿದ್ದಾರೆ. ಅದಕ್ಕೇ ಈ ಲೇಖನ.

ಅಲ್ಲಿ ಏನು ನಡೆಯುತ್ತದೆ

ಬಟ್ಟೆ ತೆಗೆಯುವ ಹಾಗಿಲ್ಲ, ಶೂ ಮಾತ್ರ ಬಿಚ್ಚಬೇಕು. ಮೊದಲ ಸಲ ಸ್ವಲ್ಪ ಹೊತ್ತು ಮಾತು: ನೋವು ಯಾವಾಗಿಂದ, ನಿದ್ದೆ ಹೇಗೆ, ಕೆಲಸದ ಒತ್ತಡ ಎಷ್ಟು. ಆಮೇಲೆ ಮೇಜಿನ ಮೇಲೆ ಅಂಗಾತ ಮಲಗಬೇಕು. ಥೆರಪಿಸ್ಟ್ ತಲೆಯ ಕೆಳಗೆ, ಸೊಂಟದ ಕೆಳಗಿನ ತ್ರಿಕೋನದ ಮೂಳೆಯ ಕೆಳಗೆ, ಕೆಲವೊಮ್ಮೆ ಪಾದದ ಮೇಲೆ ಕೈ ಇಡುತ್ತಾರೆ. ಒತ್ತುವುದಿಲ್ಲ, ತಿಕ್ಕುವುದಿಲ್ಲ, ಲಟಿಕೆ ತೆಗೆಯುವುದಿಲ್ಲ. ಸುಮಾರು 5 ಗ್ರಾಂ, ಅಂದರೆ ಒಂದು ಟೀ ಚಮಚ ಸಕ್ಕರೆಯ ಭಾರದಷ್ಟು ಮಾತ್ರ ಒತ್ತಡ ಎಂದು ಈ ಪದ್ಧತಿಯವರ ಪಾಠ. ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹೀಗೇ. ನಮಗಂತೂ ಅರ್ಧದಲ್ಲೇ ನಿದ್ದೆ ಬಂತು. ಕೆಲವರಿಗೆ ಅಳು ಬರುತ್ತದೆ, ಕೆಲವರಿಗೆ ಒಂದೆರಡು ದಿನ ಸುಸ್ತು ಅಥವಾ ತಲೆನೋವು ಇರುತ್ತದೆ.

ಇದರ ಮೂಲ ಅಮೆರಿಕ. ವಿಲಿಯಂ ಸದರ್‌ಲ್ಯಾಂಡ್ ಎಂಬ ಆಸ್ಟಿಯೋಪಥಿ ವೈದ್ಯರು ತಲೆಬುರುಡೆಯ ಮೂಳೆಗಳು ಸೂಕ್ಷ್ಮವಾಗಿ ಅಲುಗಾಡುತ್ತವೆ ಎಂದು ನಂಬಿದ್ದರು. 1970ರ ದಶಕದಲ್ಲಿ ಜಾನ್ ಅಪ್ಲೆಜರ್ ಅದನ್ನು ಬೆಳೆಸಿ ಈಗಿನ ಹೆಸರು ಕೊಟ್ಟರು. ಮೆದುಳು ಮತ್ತು ಬೆನ್ನುಹುರಿಯ ಸುತ್ತ ಇರುವ ದ್ರವಕ್ಕೆ ಒಂದು ಲಯ ಇದೆ, ನಿಮಿಷಕ್ಕೆ 6ರಿಂದ 12 ಸಲ ಬಡಿಯುತ್ತದೆ, ಅದು ತಪ್ಪಿದರೆ ಕಾಯಿಲೆ, ಕೈಯಿಂದ ಅದನ್ನು ಸರಿಮಾಡಬಹುದು. ಇದು ಅವರ ವಾದ.

ಲೆಕ್ಕ ತಾಳೆಯಾಗುತ್ತದೆಯೇ

ದ್ರವ ಇರುವುದು ನಿಜ. ದೊಡ್ಡವರಲ್ಲಿ ಸುಮಾರು 150 ಮಿ.ಲೀ. ಇರುತ್ತದೆ, ದಿನಕ್ಕೆ ಅರ್ಧ ಲೀಟರ್‌ನಷ್ಟು ಹೊಸದಾಗಿ ಹುಟ್ಟಿ, ಹಳೆಯದು ರಕ್ತಕ್ಕೆ ಸೇರುತ್ತದೆ. ಆದರೆ ದೊಡ್ಡವರ ತಲೆಬುರುಡೆಯ ಮೂಳೆಗಳು ಒಂದಕ್ಕೊಂದು ಬಿಗಿಯಾಗಿ ಕಚ್ಚಿಕೊಂಡಿರುತ್ತವೆ. ಸಕ್ಕರೆಯ ಭಾರಕ್ಕೆ ಅಲುಗುವಂಥವಲ್ಲ. ಒಬ್ಬರು ರೋಗಿಯ ತಲೆ, ಇನ್ನೊಬ್ಬರು ಪಾದ ಹಿಡಿದು ಒಂದೇ ಹೊತ್ತಿನಲ್ಲಿ ಆ ಲಯ ಎಣಿಸಿದ ಪರೀಕ್ಷೆಯೂ ನಡೆದಿದೆ. ಇಬ್ಬರ ಎಣಿಕೆ ಒಂದಾಗಲಿಲ್ಲ. ಒಂದೇ ಖಾತೆಗೆ ಇಬ್ಬರು ಎರಡು ಲೆಕ್ಕ ಬರೆದರೆ ನಮ್ಮ ಕಸುಬಿನಲ್ಲಿ ಸಹಿ ಹಾಕುವುದಿಲ್ಲ.

ಪರವಾಗಿ ಏನೂ ಇಲ್ಲ ಅಂತಲ್ಲ. 2016ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನವೊಂದರಲ್ಲಿ ಬಹುಕಾಲದ ಕುತ್ತಿಗೆ ನೋವಿನ 54 ಜನರನ್ನು ಎರಡು ಗುಂಪು ಮಾಡಿದ್ದರು. ಬರೀ ತೋರಿಕೆಗೆ ಕೈ ಇಟ್ಟ ಗುಂಪಿಗಿಂತ ಈ ಥೆರಪಿ ಪಡೆದವರಿಗೆ ನೋವು ಹೆಚ್ಚು ಇಳಿಯಿತು. ಆದರೆ ಅದು ಚಿಕ್ಕ ಅಧ್ಯಯನ. 2024ರಲ್ಲಿ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರಿಗೆ ಹೇಳಿಕೊಳ್ಳುವಂಥ ಪ್ರಯೋಜನ ಕಾಣಲಿಲ್ಲ. ಹಾಗಾಗಿ ನೀವು ನಿರೀಕ್ಷಿಸಬಹುದಾದದ್ದು ಇಷ್ಟು: ಒಂದು ಗಂಟೆ ನೆಮ್ಮದಿ, ಮೈ ಹಗುರ, ಪ್ರಾಯಶಃ ಆ ರಾತ್ರಿ ಒಳ್ಳೆ ನಿದ್ದೆ. ಕಾಯಿಲೆ ವಾಸಿಯಾಗುತ್ತದೆ ಅಂತ ನಿರೀಕ್ಷಿಸಬೇಡಿ.

ಎಚ್ಚರ ಎಲ್ಲಿ ಬೇಕು

ಗೋದಾಮಿನಲ್ಲಿ ಕೆಲಸ ಮಾಡುವ ಹಾಸನದ ಕಡೆಯ ನಮ್ಮ ಗೆಳೆಯರೊಬ್ಬರು ಕೈ ಜೋಮು ಹಿಡಿಯುತ್ತದೆ ಅಂತ ಇಂಥ ಒಬ್ಬರಲ್ಲಿಗೆ ಆರು ಸಲ ಹೋದರು. ಪ್ರತಿ ಸಲ "ಸ್ವಲ್ಪ ಪರವಾಗಿಲ್ಲ" ಅನಿಸುತ್ತಿತ್ತಂತೆ. ಕೊನೆಗೆ ಕೈಯಿಂದ ಲೋಟ ಜಾರಿದಾಗ ಹೌಸ್‌ಆರ್ಟ್ಸ್ ಹತ್ತಿರ ಓಡಿದರು. ಕುತ್ತಿಗೆಯ ಡಿಸ್ಕ್ ನರ ಒತ್ತುತ್ತಿತ್ತು. ಕಳೆದುಕೊಂಡ ದುಡ್ಡಿಗಿಂತ ಆ ಎರಡು ತಿಂಗಳೇ ದುಬಾರಿ.

ಕೈಕಾಲು ಜೋಮು, ಬಲ ಕಡಿಮೆ, ಮೂತ್ರದ ಹಿಡಿತ ತಪ್ಪುವುದು, ಜ್ವರದ ಜೊತೆ ಕುತ್ತಿಗೆ ಬಿಗಿತ ಇದ್ದರೆ ತಡಮಾಡದೆ ಡಾಕ್ಟರ್‌ಗೆ ಫೋನ್ ಮಾಡಿ. ಸಿಡಿಲು ಬಡಿದಂಥ ತಲೆನೋವು, ಮಾತು ತೊದಲುವುದು, ಮುಖ ವಾರೆಯಾಗುವುದು ಕಂಡರೆ 112. ತಲೆಗೆ ಪೆಟ್ಟು ಬಿದ್ದವರು, ಮೆದುಳಿನ ರಕ್ತಸ್ರಾವ ಅಥವಾ ಸ್ಟ್ರೋಕ್ ಆದವರು ಈ ಥೆರಪಿಗೆ ಹೋಗಲೇಬಾರದು.

ಇನ್ನು ಎಳೆ ಮಕ್ಕಳು. ಅಳುವ ಕೂಸುಗಳನ್ನೂ ಇಲ್ಲಿ ಇದಕ್ಕೆ ಕರೆದೊಯ್ಯುತ್ತಾರೆ. ನಮ್ಮಲ್ಲೂ ಕೂಸಿಗೆ ಎಣ್ಣೆ ನೀವಿ ತಲೆ ಗುಂಡಗೆ ಮಾಡುವ ರೂಢಿ ಇರುವುದರಿಂದ ತಪ್ಪೇನು ಅನಿಸಬಹುದು. ಆದರೆ ಈ ದೇಶದಲ್ಲೇ ಕ್ರೇನಿಯೋಸೇಕ್ರಲ್ ಎಂದು ಹೇಳಿಕೊಂಡವರೊಬ್ಬರು ಮೂರು ತಿಂಗಳ ಮಗುವಿನ ಕುತ್ತಿಗೆಯನ್ನು ಬಹಳ ಹೊತ್ತು ಬಗ್ಗಿಸಿ ಹಿಡಿದು ಮಗು ತೀರಿಕೊಂಡ ಪ್ರಕರಣ 2009ರಲ್ಲಿ ಡಚ್ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿದೆ. ಅಂಥದ್ದು ಅಪರೂಪ ನಿಜ. ಆದರೂ ಮಗು ಅಳುತ್ತಿದ್ದರೆ ಮೊದಲು ಡಾಕ್ಟರ್ ಹತ್ತಿರ ಹೋಗಿ.

ದುಡ್ಡಿನ ವಿಚಾರ

ನಾವು ಒಂದು ಸಲಕ್ಕೆ 80 ಯೂರೋ ಕೊಟ್ಟೆವು. ಕಡ್ಡಾಯದ ಮೂಲ ವಿಮೆ ಇದಕ್ಕೆ ಒಂದು ಸೆಂಟೂ ಕೊಡುವುದಿಲ್ಲ. ಹೆಚ್ಚುವರಿ ವಿಮೆ ಮಾಡಿಸಿದ್ದರೆ, ಅದೂ ಪರ್ಯಾಯ ಚಿಕಿತ್ಸೆ ಸೇರಿದ್ದರೆ, ದಿನಕ್ಕಿಷ್ಟು ವರ್ಷಕ್ಕಿಷ್ಟು ಎಂಬ ಮಿತಿಯಲ್ಲಿ ವಾಪಸ್ ಬರುತ್ತದೆ. ಥೆರಪಿಸ್ಟ್ ವಿಮಾ ಕಂಪನಿ ಒಪ್ಪಿದ ಸಂಘದ ಸದಸ್ಯರಾಗಿರಬೇಕು. ಫೋನ್ ಮಾಡಿ ಕೇಳಿಕೊಂಡೇ ಹೋಗಿ. ತೆರಿಗೆಯಲ್ಲಿ ಕಳೆಯಬಹುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ: ಡಾಕ್ಟರ್ ಬರೆದುಕೊಟ್ಟು ಅವರ ನಿಗಾದಲ್ಲಿ ನಡೆದಂಥ ಚಿಕಿತ್ಸೆ ಆಗಿರಬೇಕು, ಮೇಲಾಗಿ ನಿಮ್ಮ ಆದಾಯಕ್ಕೆ ತಕ್ಕ ಮಿತಿ ದಾಟಿರಬೇಕು. ಹೌಸ್‌ಆರ್ಟ್ಸ್ ಭೇಟಿಗೆ ಮಾತ್ರ 385 ಯೂರೋದ ಸ್ವಂತ ಪಾಲು ಕೂಡ ಲೆಕ್ಕಕ್ಕೆ ಬರುವುದಿಲ್ಲ, ಪೂರ್ತಿ ವಿಮೆಯದೇ. ದುಡ್ಡಿನ ಭಯಕ್ಕೆ ಅಲ್ಲಿಗೆ ಹೋಗದೆ ಇರಬೇಡಿ.

ಥೆರಪಿಸ್ಟ್‌ಗೆ ಮೂರು ಪ್ರಶ್ನೆ ಕೇಳಿ. ಡಾಕ್ಟರ್ ಅಥವಾ ಫಿಸಿಯೋಥೆರಪಿಸ್ಟ್ ಆಗಿ ಬಿಗ್ ನೋಂದಣಿ ಇದೆಯೇ? ತಕರಾರು ಬಂದರೆ ಯಾವ ವ್ಯಾಜ್ಯ ಸಮಿತಿಗೆ ಹೋಗಬೇಕು? (ಪರ್ಯಾಯ ಚಿಕಿತ್ಸೆಯವರೂ ಅಂಥ ಒಂದು ಸಮಿತಿಗೆ ಸೇರಿರಬೇಕೆಂದು ಇಲ್ಲಿ ಕಾನೂನೇ ಇದೆ.) ಎಷ್ಟು ಸಲಕ್ಕೆ ಗುಣ ಕಾಣದಿದ್ದರೆ ನಿಲ್ಲಿಸುತ್ತೀರಿ? "ಮಾತ್ರೆ ಬಿಡಿ, ಡಾಕ್ಟರ್ ಬೇಡ" ಅಂದವರ ಕಡೆ ಮತ್ತೆ ಹೋಗಬೇಡಿ.

ನಮ್ಮ ಕುತ್ತಿಗೆ ಐದಾರು ವಾರದಲ್ಲಿ ಸರಿಹೋಯಿತು. ಅಷ್ಟರಲ್ಲಿ ಎರಡು ಸಲ ಥೆರಪಿ, ಕಂಪ್ಯೂಟರ್ ಪರದೆ ನಾಲ್ಕು ಇಂಚು ಮೇಲೆ, ಮಧ್ಯಾಹ್ನ ಊಟವಾದ ಮೇಲೆ ಕಾಲುವೆ ದಂಡೆಯಲ್ಲಿ ಅರ್ಧ ಗಂಟೆ ನಡಿಗೆ, ಎಲ್ಲ ಮಾಡಿದ್ದೆವು. ಯಾವುದರ ಪುಣ್ಯವೋ ಹೇಳಲಾರೆವು. ಊರಿಗೆ ಫೋನ್ ಮಾಡಿದಾಗ ಅಮ್ಮ "ಯಾರ ಕೈಲಾದ್ರೂ ತಲೆಗೆ ಹರಳೆಣ್ಣೆ ತಟ್ಟಿಸ್ಕೋಪ್ಪಾ" ಅಂದರು. ಇಲ್ಲಿ ಒಂಟಿ ಇರುವವರಿಗೆ ತಲೆ ಮೇಲೆ ಕೈ ಇಡುವವರು ಯಾರಿದ್ದಾರೆ? ಆ ಮೇಜಿನ ಮೇಲೆ ಕಣ್ಣು ತುಂಬಿ ಬಂದಿದ್ದು ಅದಕ್ಕೇ ಇರಬೇಕು. ನೀವೂ ಹೋಗಬೇಕೆನಿಸಿದರೆ ಹೋಗಿ ಬನ್ನಿ. ಡಾಕ್ಟರ್ ನೋಡಿ "ಗಾಬರಿ ಬೇಡ" ಅಂದ ಮೇಲೆ ಹೋಗಿ, ಅಷ್ಟೇ.