ಗ್ಲಾಸಿಗೆ ಮಂಜು ಹಿಡಿದರೆ ಎಸಿ ಹಾಕಬೇಕಾ, ಆಫ್ ಮಾಡಬೇಕಾ?

ಮಳೆಗಾಲದಲ್ಲಿ ಘಾಟಿ ಹತ್ತಿ ಇಳಿಯುವವರ ಮೊಬೈಲಿಗೆ ಎರಡು ಬಗೆಯ ಫಾರ್ವರ್ಡ್ ಬರುತ್ತವೆ. ಕಾರಿನ ಮುಂದಿನ ಗ್ಲಾಸು ಮಸುಕಾದರೆ ಎಸಿಯನ್ನು ಫುಲ್ ಕೂಲ್‌ನಲ್ಲಿಡಿ, ಕ್ಷಣದಲ್ಲಿ ಕ್ಲಿಯರ್ ಆಗುತ್ತದೆ ಅಂತ ಒಂದು ಹೇಳುತ್ತದೆ. ಮಳೆಗಾಲದಲ್ಲಿ ಎಸಿಯೇ ಗ್ಲಾಸಿಗೆ ಮಂಜು ಹಿಡಿಸುವುದು, ತಕ್ಷಣ ಆಫ್ ಮಾಡಿ ಅಂತ ಇನ್ನೊಂದು ಹೇಳುತ್ತದೆ. ಎರಡರ ಕೆಳಗೂ ‘ನಾನೇ ಮಾಡಿ ನೋಡಿದ್ದೇನೆ, ನೂರಕ್ಕೆ ನೂರು ಸತ್ಯ’ ಎಂದು ಬರೆದವರಿರುತ್ತಾರೆ.

ವಿಚಿತ್ರವೆಂದರೆ ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಒಬ್ಬರು ಸಂಪಾಜೆ ಘಾಟಿ ಹತ್ತುವಾಗ ನೋಡಿದ್ದನ್ನು ಹೇಳುತ್ತಿದ್ದಾರೆ, ಇನ್ನೊಬ್ಬರು ಇಳಿಯುವಾಗ ನೋಡಿದ್ದನ್ನು. ತೊಂದರೆ ಇರುವುದು ಹತ್ತುವವರ ಉಪಾಯವನ್ನು ಇಳಿಯುವವರು ಮಾಡಿದಾಗ. ಗ್ಲಾಸು ಇನ್ನಷ್ಟು ಬೆಳ್ಳಗಾಗುತ್ತದೆ, ಅದೂ ತಿರುವಿನಲ್ಲಿ, ಎದುರಿಂದ ಬಸ್ಸು ಬರುವ ಹೊತ್ತಿಗೆ.

ಗ್ಲಾಸಿನ ಮೇಲೆ ಕೂರುವುದು ಹೊಗೆಯಲ್ಲ, ಹಬೆಯೂ ಅಲ್ಲ. ಅದು ಸಣ್ಣ ಸಣ್ಣ ನೀರಿನ ಹನಿ. ಫ್ರಿಜ್‌ನಿಂದ ತೆಗೆದ ಬಾಟಲಿಯ ಮೈ ಒದ್ದೆಯಾಗುವುದೂ ಇದೇ ಕಾರಣಕ್ಕೆ. ಬೆಚ್ಚಗಿನ ಗಾಳಿ ಹೆಚ್ಚು ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು, ತಣ್ಣಗಿನ ಗಾಳಿ ಕಡಿಮೆ. 30 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ನೀರಾವಿ ಹಿಡಿದರೆ, 20 ಡಿಗ್ರಿಯಲ್ಲಿ ಅದು 17 ಗ್ರಾಂಗೆ ಇಳಿಯುತ್ತದೆ. ತೇವದ ಗಾಳಿ ತಣ್ಣಗಿನ ಗ್ಲಾಸಿಗೆ ತಾಗಿದಾಗ, ಹಿಡಿದಿಟ್ಟುಕೊಳ್ಳಲಾಗದ ನೀರನ್ನು ಅಲ್ಲಿಯೇ ಬಿಟ್ಟು ಹೋಗುತ್ತದೆ. ಹಾಗಾಗಿ ಮಂಜು ಯಾವತ್ತೂ ಗ್ಲಾಸಿನ ಯಾವ ಬದಿಯ ಗಾಳಿ ಹೆಚ್ಚು ಬೆಚ್ಚಗೆ ಮತ್ತು ತೇವವಾಗಿದೆಯೋ ಆ ಬದಿಯಲ್ಲಿ ಕೂರುತ್ತದೆ. ಒಳಗೂ ಕೂರಬಹುದು, ಹೊರಗೂ ಕೂರಬಹುದು. ಫಾರ್ವರ್ಡುಗಳು ಬಿಟ್ಟುಬಿಡುವುದು ಇದೊಂದನ್ನೇ.

ಹತ್ತುವಾಗ ಒಂದು, ಇಳಿಯುವಾಗ ಒಂದು

ಸುಳ್ಯದಿಂದ ಅರಂತೋಡು, ಕಲ್ಲುಗುಂಡಿ ದಾಟಿ ಸಂಪಾಜೆಗೆ ಬಂದು ಘಾಟಿ ಹತ್ತಲು ಶುರು ಮಾಡಿ. ಮಡಿಕೇರಿ ಸಮುದ್ರ ಮಟ್ಟದಿಂದ 1,100 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಸಾವಿರ ಮೀಟರ್ ಮೇಲೇರಿದರೆ ಸಾಮಾನ್ಯವಾಗಿ 6 ಡಿಗ್ರಿಯಷ್ಟು ತಂಪು ಹೆಚ್ಚುತ್ತದೆ. ಗುಂಡ್ಯದಿಂದ ಶಿರಾಡಿ ಘಾಟಿ ಹತ್ತಿ ಸಕಲೇಶಪುರಕ್ಕೆ ಹೋಗುವಾಗಲೂ, ಸುಬ್ರಹ್ಮಣ್ಯದಿಂದ ಬಿಸಿಲೆ ಮೇಲೆ ಹೋಗುವಾಗಲೂ ಇದೇ ಕತೆ.

ಹತ್ತುವಾಗ ಹೊರಗೆ ತಂಪು ಹೆಚ್ಚುತ್ತಾ ಗ್ಲಾಸು ತಣ್ಣಗಾಗುತ್ತದೆ. ಒಳಗೆ ಐದು ಜನ, ಅದರಲ್ಲಿ ಇಬ್ಬರು ಒದ್ದೆಯಾಗಿ ಹತ್ತಿದವರು, ಕಾಲಡಿ ನೀರು ಸುರಿಯುವ ಕೊಡೆ. ಒಬ್ಬ ಮನುಷ್ಯನ ಉಸಿರಿನಿಂದಲೇ ದಿನಕ್ಕೆ ಸುಮಾರು 300ರಿಂದ 400 ಮಿಲಿಲೀಟರ್ ನೀರು ಹೊರಹೋಗುತ್ತದೆ, ಅಂದರೆ ಗಂಟೆಗೆ ಸುಮಾರು 15 ಗ್ರಾಂ. ಐದು ಜನರದ್ದು 75 ಗ್ರಾಂ. ಕಾರಿನೊಳಗೆ ಇರುವುದು ಹೆಚ್ಚೆಂದರೆ ಮೂರು ಘನ ಮೀಟರ್ ಗಾಳಿ. 20 ಡಿಗ್ರಿಯಲ್ಲಿ ಅದು ಹಿಡಿಯುವುದು 50 ಗ್ರಾಂ ಮಾತ್ರ. ಕಿಟಕಿ ಮುಚ್ಚಿ ಮಾತಾಡುತ್ತಾ ಕೂತರೆ ಮಡಿಕೇರಿ ಮುಟ್ಟುವ ಮೊದಲೇ ಲೆಕ್ಕ ಮುಗಿಯಿತು. ಈ ಮಂಜು ಗ್ಲಾಸಿನ ಒಳಬದಿಯದ್ದು. ವೈಪರ್ ಎಷ್ಟು ಓಡಿಸಿದರೂ ಹೋಗುವುದಿಲ್ಲ.

ಈಗ ವಾಪಸು ಬನ್ನಿ. ಎಸಿ ಹಾಕಿಕೊಂಡು ಇಳಿಯುತ್ತೀರಿ, ತಣ್ಣನೆಯ ಗಾಳಿ ಗ್ಲಾಸಿಗೇ ಬಡಿಯುತ್ತಿದೆ. ಜೋಡುಪಾಲ ಕಳೆದು ಕೆಳಗೆ ಬರುತ್ತಿದ್ದಂತೆ ಹೊರಗಿನ ಗಾಳಿ ಬೆಚ್ಚಗಾಗುತ್ತದೆ, ತೇವವಂತೂ ಹಿಂಡಿದರೆ ನೀರು ಬರುವಷ್ಟು. ಈಗ ತಣ್ಣಗಿನ ಬಾಟಲಿ ಅಂದರೆ ನಿಮ್ಮ ಕಾರೇ. ಮಂಜು ಹೊರಬದಿಯಲ್ಲಿ ಕೂರುತ್ತದೆ. ಡ್ರೈವರ್ ಗಾಬರಿಯಾಗಿ ಎಸಿಯನ್ನು ಇನ್ನೂ ಜಾಸ್ತಿ ಮಾಡುತ್ತಾನೆ. ಗ್ಲಾಸು ಇನ್ನೂ ತಣ್ಣಗಾಗಿ ಮಂಜು ಇನ್ನೂ ದಪ್ಪವಾಗುತ್ತದೆ. ಘಾಟಿಯೇ ಬೇಕೆಂದಿಲ್ಲ, ಜೋರು ಮಳೆ ಬಂದ ಸಂಜೆ ಪುತ್ತೂರು ಪೇಟೆಯೊಳಗೂ ಹೀಗಾಗುತ್ತದೆ.

ಯಾವ ಬದಿ ಎಂದು ತಿಳಿಯಲು ಒಂದು ಸಲ ವೈಪರ್ ಹಾಕಿ. ಗ್ಲಾಸು ಸರಿಯಾದರೆ ಮಂಜು ಹೊರಗಿನದ್ದು. ಸರಿಯಾಗದಿದ್ದರೆ ಒಳಗಿನದ್ದು, ಪಕ್ಕದಲ್ಲಿ ಕೂತವರು ಬೆರಳಿಟ್ಟು ಖಚಿತಪಡಿಸಬಹುದು.

ಒಳಗಿನದ್ದಾದರೆ ಎಸಿ ಬೇಕು. ಆದರೆ ತಂಪಿಗಾಗಿ ಅಲ್ಲ, ಗಾಳಿಯನ್ನು ಒಣಗಿಸಲಿಕ್ಕೆ. ನಿಲ್ಲಿಸಿದ ಕಾರಿನ ಅಡಿಯಲ್ಲಿ ನೀರು ತೊಟ್ಟಿಕ್ಕುವುದನ್ನು ನೋಡಿದ್ದೀರಲ್ಲ, ಅದು ಎಸಿ ಗಾಳಿಯಿಂದ ಹಿಂಡಿ ತೆಗೆದ ನೀರು. 20 ಡಿಗ್ರಿಯ ತೇವದ ಗಾಳಿ ಎಸಿಯೊಳಗೆ 5 ಡಿಗ್ರಿವರೆಗೆ ತಣ್ಣಗಾದರೆ ಅದರಲ್ಲಿ ಘನ ಮೀಟರಿಗೆ ಉಳಿಯುವುದು ಸುಮಾರು 7 ಗ್ರಾಂ ನೀರಾವಿ. ಅದನ್ನೇ ಸ್ವಲ್ಪ ಬಿಸಿ ಮಾಡಿ ಗ್ಲಾಸಿಗೆ ಬಿಟ್ಟರೆ ಒಣ ಬಟ್ಟೆಯಂತೆ ನೀರನ್ನು ಹೀರುತ್ತದೆ. ಆದ್ದರಿಂದ ಎಸಿ ಆನ್, ಉಷ್ಣತೆಯ ನಾಬ್ ಕೆಂಪು ಬದಿಗೆ, ಗಾಳಿಯ ದಿಕ್ಕು ಮುಂದಿನ ಗ್ಲಾಸಿಗೆ. ಎಸಿಯೂ ಬಿಸಿಯೂ ಒಟ್ಟಿಗೆ ಓಡಬಾರದು ಎಂದು ತುಂಬಾ ಜನ ತಿಳಿದುಕೊಂಡಿದ್ದಾರೆ, ಹಾಗೇನೂ ಇಲ್ಲ. ಕಾರಿನ ಚಿತ್ರದೊಳಗೆ ಬಾಣ ಸುತ್ತುವ ಬಟನ್ ಇದೆಯಲ್ಲ, ಒಳಗಿನ ಗಾಳಿಯನ್ನೇ ತಿರುಗಿಸುವುದು, ಅದನ್ನು ಆಫ್ ಮಾಡಿ. ಅದು ಆನ್ ಇದ್ದರೆ ಐದು ಜನರ ಉಸಿರು ಒಳಗೇ ಉಳಿಯುತ್ತದೆ.

ಹೊರಗಿನದ್ದಾದರೆ ವೈಪರ್ ಓಡಿಸಿ, ತಣ್ಣನೆಯ ಗಾಳಿಯನ್ನು ಗ್ಲಾಸಿನಿಂದ ಬೇರೆ ಕಡೆ ತಿರುಗಿಸಿ, ಎಸಿಯ ತಂಪನ್ನು ಇಳಿಸಿ. ಅಷ್ಟೇ.

ಎಸಿ ಇಲ್ಲದ ಜೀಪು, ಪಿಕಪ್, ಹಳೇ ಮಾರುತಿಗೆ ಇರುವ ದಾರಿ ಕಿಟಕಿ. ಎದುರುಬದುರಿನ ಎರಡು ಕಿಟಕಿಗಳನ್ನು ಎರಡು ಬೆರಳಷ್ಟು ಇಳಿಸಿದರೆ ಒಳಗಿನ ನೀರಾವಿ ಹೊರಹೋಗುತ್ತದೆ. ಭುಜ ಒದ್ದೆಯಾಗುತ್ತದೆ, ನಿಜ.

ಬೈರಾಸಿನಲ್ಲಿ ಒರೆಸುವುದಂತೂ ಎಲ್ಲರಿಗೂ ಗೊತ್ತಿರುವ ಉಪಾಯ. ಒಂದು ಕೈ ಸ್ಟಿಯರಿಂಗಿನಲ್ಲಿ, ಇನ್ನೊಂದು ಕೈಯಲ್ಲಿ ಬೈರಾಸು. ಗಂಟೆಗೆ 40 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ 11 ಮೀಟರ್ ಹೋಗುತ್ತದೆ. ಒರೆಸಲು ಮೂರು ಸೆಕೆಂಡು ಹಿಡಿದರೆ 33 ಮೀಟರ್, ಘಾಟಿಯಲ್ಲಿ ಅದು ಒಂದು ಇಡೀ ತಿರುವು. ಅಷ್ಟು ಮಾಡಿದರೂ ಬೈರಾಸಿನ ಎಣ್ಣೆ, ಬೆವರು ಗ್ಲಾಸಿಗೆ ಹತ್ತಿ, ಎದುರಿನ ಹೆಡ್‌ಲೈಟ್ ಬಿದ್ದಾಗ ಗೆರೆಗೆರೆಯಾಗಿ ಕಣ್ಣಿಗೆ ರಾಚುತ್ತದೆ.

ಹೊಗೆಸೊಪ್ಪು, ಬಟಾಟೆ, ಶ್ಯಾಂಪೂ

ವೈಪರ್ ಕೈಕೊಟ್ಟಾಗ ಹೊಗೆಸೊಪ್ಪನ್ನು ಒದ್ದೆ ಮಾಡಿ ಗ್ಲಾಸಿಗೆ ಉಜ್ಜುವುದು ಹಳೇ ಲಾರಿ ಡ್ರೈವರುಗಳ ವಿದ್ಯೆ. ಈಗ ಅದೇ ಜಾಗಕ್ಕೆ ಫಾರ್ವರ್ಡುಗಳಲ್ಲಿ ಕತ್ತರಿಸಿದ ಬಟಾಟೆ ಬಂದಿದೆ. ಇವು ಪೂರ್ತಿ ಕಟ್ಟುಕತೆಯಲ್ಲ. ಗ್ಲಾಸಿನ ಮೇಲೆ ತೆಳ್ಳಗಿನ ಪದರ ಕೂತು, ನೀರು ಹನಿಹನಿಯಾಗಿ ನಿಲ್ಲದೆ ಹಾಳೆಯಂತೆ ಹರಡಿಕೊಳ್ಳುತ್ತದೆ. ನೋಟ ತಡೆಯುವುದು ಹನಿಗಳೇ ಹೊರತು ನೀರಲ್ಲ, ಹಾಗಾಗಿ ಸ್ವಲ್ಪ ಹೊತ್ತು ಕಾಣುತ್ತದೆ. ನಮ್ಮ ಮಳೆಗೆ ಆ ಪದರ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಆಮೇಲೆ ಬಟಾಟೆಯ ಗಂಜಿ ವೈಪರಿನ ರಬ್ಬರಿಗೆ ಹತ್ತಿ ಗ್ಲಾಸು ಮೊದಲಿಗಿಂತ ಕೆಡುತ್ತದೆ. ರಾತ್ರಿ ಹೊರಡುವವರಿಗೆ ಇದನ್ನು ಕಳುಹಿಸಬೇಡಿ.

ಶ್ಯಾಂಪೂ ವಿಷಯ ಬೇರೆ. ಒಂದೆರಡು ಹನಿ ಶ್ಯಾಂಪೂವನ್ನು ಒದ್ದೆ ಬಟ್ಟೆಗೆ ಹಾಕಿ ಗ್ಲಾಸಿನ ಒಳಬದಿಗೆ ತೆಳ್ಳಗೆ ಹಚ್ಚಿ, ಒಣ ಬಟ್ಟೆಯಲ್ಲಿ ಹೊಳಪು ಬರುವ ತನಕ ಉಜ್ಜಿದರೆ ಮಂಜು ಹಿಡಿಯುವುದು ನಿಜಕ್ಕೂ ಕಡಿಮೆಯಾಗುತ್ತದೆ. ಅಲ್ಲಿ ಮಳೆ ತಾಗುವುದಿಲ್ಲ, ಆದ್ದರಿಂದ ಕೆಲವು ದಿನ ಉಳಿಯುತ್ತದೆ. ಬೈಕಿನವರು ಹೆಲ್ಮೆಟ್ಟಿನ ಗ್ಲಾಸಿನ ಒಳಗೂ ಹೀಗೇ ಮಾಡಬಹುದು. ಉಜ್ಜಲು ಉದಾಸೀನ ಮಾಡಿದರೆ ಮಾತ್ರ ಕಣ್ಣೆದುರು ಬಿಳಿ ಪೊರೆಯೇ ಉಳಿಯುತ್ತದೆ.

ಮೊಟ್ಟೆಯ ಫಾರ್ವರ್ಡ್ ಬಗ್ಗೆಯೂ ಹೇಳಿಬಿಡುತ್ತೇನೆ, ಅದು ವರ್ಷಗಳಿಂದ ಸುತ್ತುತ್ತಿದೆ. ರಾತ್ರಿ ಕಳ್ಳರು ಗ್ಲಾಸಿಗೆ ಮೊಟ್ಟೆ ಎಸೆಯುತ್ತಾರೆ, ನೀರು ಹಾಕಬೇಡಿ, ವೈಪರ್ ಹಾಕಬೇಡಿ, ಹಾಕಿದರೆ ಶೇ. 92.5ರಷ್ಟು ನೋಟ ಹೋಗುತ್ತದೆ ಎನ್ನುವುದು. ಈ 92.5 ಎಂಬ ಅಂಕಿಗೆ ಯಾರು, ಎಲ್ಲಿ, ಹೇಗೆ ಅಳೆದರು ಎಂಬ ಸುಳಿವೇ ಸಂದೇಶದಲ್ಲಿಲ್ಲ. ಮೊಟ್ಟೆಯ ಬಿಳಿ ತಣ್ಣೀರಿನಲ್ಲಿ ಕರಗುವಂಥದ್ದು. ಮೊದಲೆರಡು ಸಲ ವೈಪರ್ ಓಡಿದಾಗ ಮಸುಕಾಗಬಹುದು, ನೀರು ಬಿಡುತ್ತಿದ್ದರೆ ಹೋಗುತ್ತದೆ. ಗ್ಲಾಸು ಕಾಣದಿದ್ದರೂ ವೈಪರ್ ಹಾಕದೆ ಓಡಿಸುತ್ತಾ ಇರಿ ಎಂಬ ಸಲಹೆ ಕಳ್ಳರಿಗಿಂತ ಅಪಾಯಕಾರಿ.

‘ಗ್ಲಾಸು ಕಾಣಲಿಲ್ಲ ಸಾರ್’

ಅಮೆರಿಕ, ಇಂಗ್ಲೆಂಡಿನಲ್ಲಿರುವ ಮಕ್ಕಳು ಚಳಿಗಾಲದಲ್ಲಿ ಕಾರಿನ ಮೇಲಿನ ಹಿಮ ಕೆರೆಯುವ ವಿಡಿಯೋ ಕಳುಹಿಸುತ್ತಾರೆ. ಅದು ಬರೀ ಶಿಸ್ತಲ್ಲ, ಅಲ್ಲಿನ ಕಾನೂನು. ಬ್ರಿಟನ್ನಿನ ಹೈವೇ ಕೋಡ್‌ನ 229ನೇ ನಿಯಮದ ಪ್ರಕಾರ ಹೊರಡುವ ಮುನ್ನ ಎಲ್ಲ ಕಿಟಕಿಗಳ ಹಿಮ ತೆಗೆದಿರಬೇಕು, ದೀಪ, ನಂಬರ್ ಪ್ಲೇಟ್ ಕಾಣುವಂತಿರಬೇಕು, ಇತರರ ಮೇಲೆ ಬೀಳಬಹುದಾದ ಹಿಮವನ್ನೂ ಇಳಿಸಬೇಕು. ಕನ್ನಡಿಗರು ತುಂಬಾ ಇರುವ ನ್ಯೂಜೆರ್ಸಿಯಲ್ಲಿ ಹಿಮ ತೆಗೆಯದೆ ಹೊರಟರೆ, ಅದು ಯಾರ ಮೇಲೂ ಬೀಳದಿದ್ದರೂ, 25ರಿಂದ 75 ಡಾಲರ್ ದಂಡ. ಹಾರಿಹೋಗಿ ಯಾರಿಗಾದರೂ ತಾಗಿದರೆ ದಂಡ ಇನ್ನೂರು ಡಾಲರಿನಿಂದ ಶುರು.

‘ನಮ್ಮಲ್ಲಿ ಅಂಥ ಕಾನೂನೇ ಇಲ್ಲ’ ಎನ್ನುವ ಮಾತು ಅರ್ಧ ಸತ್ಯ. ಹಿಮದ ಹೆಸರಿನ ಕಾನೂನು ನಮಗೆ ಬೇಕಾಗಿಲ್ಲ, ಹೊಣೆಯ ಕಾನೂನು ಇದೆ. ದ್ವಿಚಕ್ರ ವಾಹನ ಬಿಟ್ಟು ಉಳಿದ ವಾಹನಗಳಿಗೆ ಸರಿಯಾಗಿ ಕೆಲಸ ಮಾಡುವ ವೈಪರ್ ಇರಲೇಬೇಕು ಎಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 101ನೇ ನಿಯಮ ಹೇಳುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 190ನೇ ಸೆಕ್ಷನ್ ಇನ್ನೂ ಮುಂದೆ ಹೋಗುತ್ತದೆ. ಅಪಾಯ ತರುವ ದೋಷವೊಂದು ಗಾಡಿಯಲ್ಲಿದ್ದು, ಅದು ಗೊತ್ತಿದ್ದರೆ, ಅಥವಾ ಸಾಮಾನ್ಯ ಎಚ್ಚರಿಕೆಯಿಂದ ನೋಡಿದ್ದರೆ ಗೊತ್ತಾಗುವಂತಿದ್ದರೆ, ಓಡಿಸಿದವರೂ ಓಡಿಸಲು ಬಿಟ್ಟವರೂ ತಪ್ಪಿತಸ್ಥರು. ದಂಡ 1,500 ರೂಪಾಯಿವರೆಗೆ. ಅದರಿಂದ ಅಪಘಾತವಾಗಿ ಯಾರಿಗಾದರೂ ಗಾಯವೋ ಆಸ್ತಿಗೆ ಹಾನಿಯೋ ಆದರೆ 3 ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ‘ಓಡಿಸಲು ಬಿಟ್ಟವರು’ ಎಂಬ ಮಾತನ್ನು ಗಾಡಿಯ ಯಜಮಾನರು ಗಮನಿಸಬೇಕು. ವೈಪರ್ ಸರಿಯಿಲ್ಲ ಎಂದು ಡ್ರೈವರ್ ಹೇಳಿದ ಮೇಲೂ ‘ಇವತ್ತೊಂದು ಟ್ರಿಪ್ ಹೋಗಿ ಬಾ ಮಾರಾಯ’ ಎಂದರೆ ಹೊಣೆ ಇಬ್ಬರದ್ದೂ.

ಮಂಜು ಹಿಡಿದ ಗ್ಲಾಸಿನಲ್ಲೇ ನುಗ್ಗುವುದಕ್ಕೆ 184ನೇ ಸೆಕ್ಷನ್ ಅನ್ವಯವಾಗಬಹುದು. ಅಪಾಯಕಾರಿ ಚಾಲನೆಯೋ ಅಲ್ಲವೋ ಎನ್ನುವುದನ್ನು ಅಲ್ಲಿ ಸ್ಥಳ, ಸಂದರ್ಭ ನೋಡಿ ಅಳೆಯುತ್ತಾರೆ. ನಿರ್ಲಕ್ಷ್ಯದಿಂದ ಒಂದು ಜೀವ ಹೋದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ ಬರುತ್ತದೆ, 5 ವರ್ಷದವರೆಗೆ ಶಿಕ್ಷೆ. ‘ಗ್ಲಾಸು ಕಾಣಲಿಲ್ಲ ಸಾರ್’ ಎನ್ನುವುದು ಡ್ರೈವರನ್ನು ಉಳಿಸುವ ಮಾತಲ್ಲ, ಸಿಕ್ಕಿಸುವ ಮಾತು. ಕಾಣದಿದ್ದರೆ ಯಾಕೆ ನಿಲ್ಲಿಸಲಿಲ್ಲ ಎಂಬುದೇ ಮುಂದಿನ ಪ್ರಶ್ನೆ.

ನಿಲ್ಲಿಸುವುದಾದರೆ ತಿರುವಿನಲ್ಲಿ ಬೇಡ, ಧರೆಯ ಅಡಿಯಲ್ಲೂ ಬೇಡ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡಿನಲ್ಲಿ ಗುಡ್ಡ ಹೇಗೆ ಇಳಿಯಿತು ಎಂದು ಈ ಭಾಗದವರಿಗೆ ಹೇಳಬೇಕಾಗಿಲ್ಲ. ಅಗಲ ಜಾಗ ನೋಡಿ ಬದಿಗೆ ಹಾಕಿ, ನಾಲ್ಕೂ ಇಂಡಿಕೇಟರ್ ಹಾಕಿ. ಆ ಮಿನುಗು ದೀಪ ಇರುವುದು ನಿಂತ ಗಾಡಿಗೆ. ಓಡುವಾಗಲೂ ಹಾಕಿಕೊಂಡು ಹೋದರೆ ನೀವು ಯಾವ ಕಡೆ ತಿರುಗುತ್ತೀರಿ ಎಂದು ಹಿಂದಿನವರಿಗೆ ತಿಳಿಯುವುದಿಲ್ಲ. ರಸ್ತೆಯಲ್ಲೇ ಮಂಜಿದ್ದರೆ ಲೋ ಬೀಮ್ ಹಾಕಿ. ಹೈ ಬೀಮ್ ಹಾಕಿದರೆ ಬೆಳಕು ಮಂಜಿಗೆ ತಾಗಿ ನಿಮ್ಮ ಕಣ್ಣಿಗೇ ಬರುತ್ತದೆ.

ಹಿಮವಿಲ್ಲದ ಊರಿನಲ್ಲೂ ಹೊರಡುವ ಮೊದಲು ತೆಗೆಯಬೇಕಾದ್ದು ಬೇಕಾದಷ್ಟಿದೆ. ಮರದಡಿ ನಿಲ್ಲಿಸಿದ ಗಾಡಿಯ ವೈಪರಿನ ಬುಡದಲ್ಲಿ ಎಲೆ, ಹೂವು ಸೇರಿ ಕೊಳೆಯುತ್ತದೆ. ರಬ್ಬರಿನಡಿ ಒಂದು ಕಡ್ಡಿ ಸಿಕ್ಕಿದರೆ ಗ್ಲಾಸಿಗೆ ಗೀರು ಖಾಯಂ. ತೋಟದ ಮಣ್ಣು ರಸ್ತೆಯಲ್ಲಿ ಓಡಾಡಿದ ಗಾಡಿಯ ಬ್ರೇಕ್ ಲೈಟು ಕೆಂಪು ರಾಡಿಯಲ್ಲಿ ಮುಚ್ಚಿಹೋಗಿರುತ್ತದೆ, ಹಿಂದಿನ ಬೈಕಿನವನಿಗೆ ನೀವು ಬ್ರೇಕ್ ಹಾಕಿದ್ದು ಕಾಣುವುದಿಲ್ಲ. ಒಂದು ಚೊಂಬು ನೀರು ಸಾಕು. ವೈಪರಿನ ರಬ್ಬರು ಏಪ್ರಿಲ್, ಮೇ ಬಿಸಿಲಿಗೆ ಗಟ್ಟಿಯಾಗಿರುತ್ತದೆ. ಪತ್ತನಾಜೆಗೆ ಗೆಜ್ಜೆ ಬಿಚ್ಚುವ ಹೊತ್ತಿಗೆ ಅದನ್ನು ಬದಲಿಸಿಬಿಟ್ಟರೆ ಆಟಿಯ ಮಳೆಗೆ ಗಾಡಿ ಸಿದ್ಧ.

ಇನ್ನು ಪಿಕಪ್, ಲಾರಿಯ ಟರ್ಪಾಲು. ರಾತ್ರಿ ಸುರಿದ ಮಳೆ ಅದರ ಹೊಂಡದಲ್ಲಿ ನಿಂತಿರುತ್ತದೆ. ಎರಡು ಕೊಡ ನೀರೆಂದರೆ ಇಪ್ಪತ್ತು ಕಿಲೋಗೂ ಹೆಚ್ಚು. ಬ್ರೇಕ್ ಹಾಕಿದಾಗ ಅದು ಮುಂದೆ ಬಂದು ನಿಮ್ಮದೇ ಗ್ಲಾಸಿನ ಮೇಲೆ ಸುರಿಯುತ್ತದೆ, ತಿರುವಿನಲ್ಲಿ ಪಕ್ಕದ ಬೈಕಿನವನ ಮುಖಕ್ಕೆ. ನ್ಯೂಜೆರ್ಸಿಯ ಲಾರಿಯಿಂದ ಹಾರುವ ಹಿಮದ ಹಲಗೆಗೂ ಇದಕ್ಕೂ ಇರುವ ವ್ಯತ್ಯಾಸ ಗಡಸುತನದ್ದು ಮಾತ್ರ. ಹೊರಡುವ ಮೊದಲು ಒಳಗಿನಿಂದ ಕೋಲಿನಲ್ಲಿ ಟರ್ಪಾಲು ಎತ್ತಿ ನೀರು ಚೆಲ್ಲಿ, ಹಗ್ಗ ಬಿಗಿ ಮಾಡಿ.