ಇನ್ನೂರೈವತ್ತೆಂಟು ಕುದುರೆ, ಗಂಟೆಗೆ ಇಪ್ಪತ್ತು ಕಿಲೋಮೀಟರ್

ಹನ್ನೊಂದು ಸೆಂಟಿಮೀಟರ್ ಎಂದರೆ ಹೆಚ್ಚುಕಡಿಮೆ ಅರ್ಧ ಗೇಣು. 2021ರ ಜನವರಿಯಲ್ಲಿ ಬಿಎಂಡಬ್ಲ್ಯು ಕಂಪನಿ ತನ್ನ 3 ಸೀರೀಸ್ ಕಾರನ್ನು ಅಷ್ಟು ಉದ್ದ ಮಾಡಿ, ‘ಗ್ರ್ಯಾನ್ ಲಿಮೋಸಿನ್’ ಎಂದು ಹೆಸರಿಟ್ಟು ಭಾರತದಲ್ಲಿ ಮಾರಾಟಕ್ಕೆ ತಂದಿತು. ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವಿನ ಅಂತರ 2851 ಮಿಲಿಮೀಟರ್ ಇದ್ದದ್ದು 2961 ಆಯಿತು. ಹೆಚ್ಚಿದ ಜಾಗ ಸೇರಿದ್ದು ಹಿಂದಿನ ಸೀಟಿನಲ್ಲಿ ಕೂರುವವರ ಕಾಲಿಗೆ. ಸ್ಟೀರಿಂಗ್ ಹಿಡಿದವರ ಖುಷಿಗೆಂದೇ ಹೆಸರಾದ ಗಾಡಿ, ಸ್ಟೀರಿಂಗನ್ನು ಮುಟ್ಟದವರಿಗಾಗಿ ಬೆಳೆದು ನಿಂತಿತ್ತು.

ಐಷಾರಾಮಿ ಸ್ಪೋರ್ಟ್ಸ್ ಸೆಡಾನ್ ಒಂದು ನಿತ್ಯದ ಓಡಾಟಕ್ಕೆ ಆದೀತೇ ಎಂದು ಅಳೆಯುವವರು ಇಲ್ಲಿಂದಲೇ ಶುರುಮಾಡುವುದು ಒಳ್ಳೆಯದು. ಎಷ್ಟು ಅಶ್ವಶಕ್ತಿ, ಎಷ್ಟು ಸೆಕೆಂಡಿಗೆ ನೂರು ಎಂಬುದನ್ನು ಆಮೇಲೆ ಕೇಳಬಹುದು. ಕೊಳ್ಳುವವರು ದಿನವೂ ಕೂರುವುದು ಯಾವ ಸೀಟಿನಲ್ಲಿ? ಉತ್ತರ ಬದಲಾದರೆ ಅದೇ ಕಾರಿಗೆ ಸಿಗುವ ಅಂಕವೂ ಬದಲಾಗುತ್ತದೆ.

ಈ ಜಾತಿಯ ಕಾರಿನ ವಂಶಾವಳಿ ದೊಡ್ಡದೇನಲ್ಲ. 1959ರ ಡಿಸೆಂಬರ್‌ನಲ್ಲಿ ಬಿಎಂಡಬ್ಲ್ಯು ಸಾಲದಲ್ಲಿ ಮುಳುಗಿ, ಡೈಮ್ಲರ್-ಬೆಂಜ್ ಕಂಪನಿಯ ಪಾಲಾಗುವುದು ಬಾಕಿ ಇತ್ತು. ಷೇರುದಾರರ ಸಭೆಯಲ್ಲಿ ಸಣ್ಣ ಷೇರುದಾರರು ಎದ್ದು ನಿಂತು ಅದನ್ನು ತಡೆದರು. ಆಮೇಲೆ ಹೆರ್ಬರ್ಟ್ ಕ್ವಾಂಟ್ ಎಂಬ ಉದ್ಯಮಿ ಹಣ ಹಾಕಿದರು. ಎರಡು ವರ್ಷ ಕಳೆದು 1961ರ ಫ್ರಾಂಕ್‌ಫರ್ಟ್ ಮೇಳದಲ್ಲಿ 1500 ಎಂಬ ನಾಲ್ಕು ಬಾಗಿಲಿನ ಕಾರು ಬಂತು. ಮನೆಮಂದಿಯನ್ನು ಕೂರಿಸಿಕೊಂಡೂ ಚುರುಕಾಗಿ ಓಡಿಸಬಹುದಾದ ಗಾಡಿ ಎಂಬ ಆಲೋಚನೆಗೆ ಅಲ್ಲಿ ಮೈ ಬಂತು. ಅದೇ ಸಾಲಿನ ಚಿಕ್ಕ ಮೈಗೆ ದೊಡ್ಡ ಎಂಜಿನ್ ಕೂರಿಸಿದ್ದು 1968ರ ‘2002’ ಎಂಬ ಕಾರು. ಅಮೆರಿಕಕ್ಕೆ ಕಾರು ತರಿಸುತ್ತಿದ್ದ ಮ್ಯಾಕ್ಸ್ ಹಾಫ್‌ಮನ್ ಅಂಥದ್ದೊಂದು ಬೇಕೆಂದು ಪಟ್ಟುಹಿಡಿದಿದ್ದರು. 1975ರಲ್ಲಿ ಬಂದ ಮೊದಲ 3 ಸೀರೀಸ್ ಇದರ ಉತ್ತರಾಧಿಕಾರಿ. ಆಗ ಅದರ ಉದ್ದ 4355 ಮಿಲಿಮೀಟರ್, ಅಗಲ 1610. 2018ರಲ್ಲಿ ಪ್ಯಾರಿಸ್‌ನಲ್ಲಿ ಅನಾವರಣಗೊಂಡ ಏಳನೆಯ ತಲೆಮಾರಿನದು 4709 ಉದ್ದ, 1827 ಅಗಲ. ನಮ್ಮ ಅಪಾರ್ಟ್‌ಮೆಂಟುಗಳ ಪಾರ್ಕಿಂಗ್ ಗೆರೆಗಳ ನಡುವಿನ ಜಾಗ ಮಾತ್ರ ಹೀಗೆ ಅಗಲವಾಗಲಿಲ್ಲ.

ಜರ್ಮನಿಯ ವಾಹನ ನೋಂದಣಿ ಇಲಾಖೆ ಈ ಕಾರನ್ನು ‘ಮಿಟೆಲ್‌ಕ್ಲಾಸೆ’ ಎಂಬ ಗುಂಪಿಗೆ ಸೇರಿಸುತ್ತದೆ. ಪದಶಃ ಅರ್ಥ ಮಧ್ಯಮ ವರ್ಗ. ಇಲ್ಲಿ ಅದರ ಶೋರೂಂ ಬೆಲೆ ಅರವತ್ತು ಲಕ್ಷದ ಆಸುಪಾಸು.

ಸ್ಪೋರ್ಟ್ಸ್ ಸೆಡಾನ್ ಎಂಬುದಕ್ಕೆ ಯಂತ್ರದ ಭಾಷೆಯಲ್ಲಿ ಅರ್ಥವಿದೆ. ಎಂಜಿನ್ನನ್ನು ಮುಂಭಾಗದಲ್ಲಿ ಉದ್ದಕ್ಕೆ ಕೂರಿಸಿ, ಶಕ್ತಿಯನ್ನು ಹಿಂದಿನ ಗಾಲಿಗಳಿಗೆ ಕೊಡುತ್ತಾರೆ. ತಳ್ಳುವ ಕೆಲಸ ಹಿಂದಿನ ಗಾಲಿಗಳದ್ದು, ತಿರುಗುವ ಕೆಲಸ ಮುಂದಿನವುಗಳದ್ದು. ತೂಕ ಮುಂದಕ್ಕೂ ಹಿಂದಕ್ಕೂ ಸುಮಾರು ಅರ್ಧರ್ಧ ಹಂಚಿಕೆಯಾಗುತ್ತದೆ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಇಳಿಯುವಾಗ ಇದರ ಬೆಲೆ ಗೊತ್ತಾಗುತ್ತದೆ: ಸ್ಟೀರಿಂಗ್ ತಿರುಗಿಸಿದೊಡನೆ ಮೂಗು ತಿರುಗುತ್ತದೆ, ಹಿಂಭಾಗ ಸದ್ದಿಲ್ಲದೆ ಹಿಂಬಾಲಿಸುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೂ ಒಂದಿದೆ. ಹಿಂದಿನ ಗಾಲಿಗೆ ಶಕ್ತಿ ಒಯ್ಯುವ ದಂಡ ಕಾರಿನ ನಡುಮಧ್ಯೆ ಹಾಯುವುದರಿಂದ ಹಿಂದಿನ ಸೀಟಿನ ಮಧ್ಯೆ, ಕಾಲಿಡುವ ಕಡೆ, ಒಂದು ದಿಬ್ಬ ಏಳುತ್ತದೆ. ಕಾಗದದ ಮೇಲೆ ಐದು ಜನರ ಕಾರು. ಮೈಸೂರಿನ ತನಕ ಹೋಗಬೇಕೆಂದರೆ ನಾಲ್ಕೇ ಜನರದ್ದು. ಐದನೆಯವರು ದಿಬ್ಬದ ಆಚೆಗೊಂದು ಈಚೆಗೊಂದು ಕಾಲು ಹಾಕಿ ಕೂರಬೇಕು. ಆ ಜಾಗ ಸಾಮಾನ್ಯವಾಗಿ ಮನೆಯ ಕಿರಿಯರದ್ದು.

ಈಗ ರಸ್ತೆ ಉಬ್ಬಿನ ವಿಚಾರಕ್ಕೆ ಬರೋಣ. ನಮ್ಮಲ್ಲಿ ಇಂಥ ಕಾರಿನ ಬಗ್ಗೆ ಮೊದಲು ಕೇಳುವ ಪ್ರಶ್ನೆಯೇ ಅದು: ‘ಅಡಿ ತಾಗಲ್ವಾ?’

ತಾಗಬಾರದು ಎನ್ನುತ್ತದೆ ಗಣಿತ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ರಸ್ತೆ ಉಬ್ಬು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ದಾಟುವಂಥ ಮೆಲುವಾದ ಕಮಾನು ಅದು. ಉದ್ದ ಮಾಡಿದ 3 ಸೀರೀಸ್ ಅದರ ನೆತ್ತಿಯ ಮೇಲೆ ಬಂದಾಗ ನಾಲ್ಕೂ ಗಾಲಿಗಳು ಉಬ್ಬಿನ ಮೇಲೆಯೇ ಇರುತ್ತವೆ, ಅಂದರೆ ಕಾರೂ ಸ್ವಲ್ಪ ಮೇಲೆದ್ದಿರುತ್ತದೆ. ಲೆಕ್ಕ ಹಾಕಿದರೆ ಕಾರಿನ ಹೊಟ್ಟೆಯ ಕಡೆಗೆ ಉಬ್ಬು ಏರಿಬರುವುದು 6.4 ಸೆಂಟಿಮೀಟರ್ ಮಾತ್ರ. ಉದ್ದ ಮಾಡದ ಮಾದರಿಯಲ್ಲಿ ಇದು 5.9. ಹೊಟ್ಟೆಗೂ ನೆಲಕ್ಕೂ ನಡುವೆ ಇರುವ ಅಂತರ ಸುಮಾರು 13–14 ಸೆಂಟಿಮೀಟರ್. ಜನ ತುಂಬಿ, ಡಿಕ್ಕಿಯಲ್ಲಿ ಅಕ್ಕಿಮೂಟೆ ಇಟ್ಟು ಸ್ಪ್ರಿಂಗ್ ಕುಗ್ಗಿದರೂ ಪಾರಾಗಬಹುದು.

ಆದರೆ ಬಡಾವಣೆಯ ಮೂಲೆಯಲ್ಲಿ ಯಾರೋ ರಾತ್ರೋರಾತ್ರಿ ಜಲ್ಲಿ, ಡಾಂಬರು ಸುರಿದು ಎಬ್ಬಿಸಿದ ಉಬ್ಬಿಗೆ ಮಾರ್ಗಸೂಚಿಯ ಪರಿಚಯವಿಲ್ಲ. ಎರಡೇ ಅಡಿ ಅಗಲ, ಕಡಿದಾದ ಏರು, ಕಡಿದಾದ ಇಳಿಜಾರು. ಮುಂದಿನ ಗಾಲಿ ಇಳಿದಾಗಿರುತ್ತದೆ, ಹಿಂದಿನದು ಇನ್ನೂ ಹತ್ತಿರುವುದಿಲ್ಲ. ಆಗ ಉಬ್ಬಿನ ಎತ್ತರ ಪೂರ್ತಿಯಾಗಿ ಹೊಟ್ಟೆಗೇ ಬೀಳುತ್ತದೆ. ಕಾರು ತಯಾರಿಸಿದವರು ಮ್ಯೂನಿಕ್‌ನಲ್ಲಿದ್ದಾರೆ, ಉಬ್ಬು ತಯಾರಿಸಿದವರು ಪಕ್ಕದ ಬೀದಿಯಲ್ಲಿದ್ದಾರೆ. ಕೊಳ್ಳುವವರು ಇಬ್ಬರನ್ನೂ ಸಂಬಾಳಿಸಬೇಕು. ಪರಿಣತರು ಮಾಡುವ ಉಪಾಯವೆಂದರೆ ಓರೆಯಾಗಿ ದಾಟುವುದು. ಒಂದೊಂದೇ ಗಾಲಿ ಹತ್ತಿ ಇಳಿಯುವಂತೆ ಮಾಡಿದರೆ ನಡುಭಾಗ ಮೇಲೆದ್ದೇ ಇರುತ್ತದೆ. ಹಿಂದಿನಿಂದ ಆಟೋದವರು ಹಾರ್ನ್ ಹೊಡೆಯುತ್ತಾರೆ, ಅದು ಬೇರೆ ಮಾತು. ಉಬ್ಬಿಗಿಂತಲೂ ಕಠಿಣ ಪರೀಕ್ಷೆ ನೆಲಮಾಳಿಗೆ ಪಾರ್ಕಿಂಗಿನ ಇಳಿಜಾರು. ಅಲ್ಲಿ ಹೊಟ್ಟೆಯ ಜೊತೆಗೆ ಮುಂದಕ್ಕೆ ಚಾಚಿದ ಬಂಪರಿನ ತುಟಿಯೂ ಉಜ್ಜುತ್ತದೆ.

ಟೈರಿನದ್ದು ಇನ್ನೊಂದು ಕತೆ. ಬಿಎಂಡಬ್ಲ್ಯು ಬಹಳ ಕಾಲದಿಂದ ‘ರನ್‌ಫ್ಲ್ಯಾಟ್’ ಟೈರುಗಳನ್ನು ನೆಚ್ಚಿಕೊಂಡಿದೆ. ಇವುಗಳ ಪಕ್ಕದ ಗೋಡೆ ಎಷ್ಟು ಬಿರುಸೆಂದರೆ ಗಾಳಿ ಪೂರ್ತಿ ಹೋದರೂ ಗಂಟೆಗೆ 80 ಕಿಲೋಮೀಟರ್ ಮೀರದಂತೆ ಸುಮಾರು 80 ಕಿಲೋಮೀಟರ್ ದೂರ ಓಡಿಸಬಹುದು. ನಡುರಾತ್ರಿ ಹಿರಿಯೂರಿನ ಆಚೆ ಪಂಕ್ಚರ್ ಆದರೆ ಇದು ದೇವರ ದಯೆ. ಉಳಿದ ದಿನಗಳಲ್ಲಿ ಅದೇ ಬಿರುಸು ಸಣ್ಣ ಗುಂಡಿಯ ಏಟನ್ನೂ ನೇರ ಬೆನ್ನಿಗೆ ತಲುಪಿಸುತ್ತದೆ. ಹೆದ್ದಾರಿಯಲ್ಲಿ ತೇಲಿದಂತೆ ಹೋಗುವ ಕಾರು ಮಳೆಗಾಲ ಕಳೆದ ಬೆಂಗಳೂರಿನ ಬೀದಿಯಲ್ಲಿ ಕಡ್ ಕಡ್ ಎನ್ನುವುದಕ್ಕೆ ಸಸ್ಪೆನ್ಷನ್ನನ್ನು ಬೈಯುವವರೇ ಹೆಚ್ಚು. ಅರ್ಧ ತಪ್ಪು ಟೈರಿನದ್ದು. ದೊಡ್ಡ ರಿಮ್, ತೆಳ್ಳನೆಯ ಟೈರು ನೋಡಲು ಚೆಂದ. ಆದರೆ ಇಂಚು ಹೆಚ್ಚಾದಂತೆ ರಬ್ಬರು ಕಡಿಮೆಯಾಗುತ್ತದೆ, ಗುಂಡಿಯ ಅಂಚಿಗೂ ಲೋಹಕ್ಕೂ ನಡುವೆ ತಡೆಯೇ ಉಳಿಯುವುದಿಲ್ಲ. ಒಂದೇ ಕಾರು ಎರಡು ಅಳತೆಯ ಗಾಲಿಯಲ್ಲಿ ಸಿಗುವುದಾದರೆ ಚಿಕ್ಕದನ್ನು ಆರಿಸಿಕೊಳ್ಳುವುದು ಜಾಣತನ.

ಇನ್ನು ಶಕ್ತಿ. ಗ್ರ್ಯಾನ್ ಲಿಮೋಸಿನ್‌ನ 330ಎಲ್ಐ ಮಾದರಿಯ ಎರಡು ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್ 258 ಅಶ್ವಶಕ್ತಿ ಕೊಡುತ್ತದೆ. ನಿಂತಲ್ಲಿಂದ ನೂರು ಕಿಲೋಮೀಟರ್ ವೇಗ ಮುಟ್ಟಲು ಕಂಪನಿ ಹೇಳುವಂತೆ 6.2 ಸೆಕೆಂಡು. ಟಾಮ್‌ಟಾಮ್ ಸಂಸ್ಥೆಯ 2022ರ ಲೆಕ್ಕದಲ್ಲಿ ಬೆಂಗಳೂರಿನ ನಡುಭಾಗದಲ್ಲಿ ಹತ್ತು ಕಿಲೋಮೀಟರ್ ಸಾಗಲು ಸರಾಸರಿ 29 ನಿಮಿಷ ಬೇಕಿತ್ತು. ಅಂದರೆ ಗಂಟೆಗೆ ಇಪ್ಪತ್ತು ಕಿಲೋಮೀಟರ್. ಆ ಪಟ್ಟಿಯಲ್ಲಿ ಇದಕ್ಕಿಂತ ನಿಧಾನವಾಗಿದ್ದದ್ದು ಲಂಡನ್ ಒಂದೇ. ಬೆಂಗಳೂರು–ಮೈಸೂರು ದಶಪಥದಲ್ಲೂ ಕಾರಿನ ವೇಗಮಿತಿ ನೂರು. 250 ಕಿಲೋಮೀಟರಿನ ತನಕ ಓಡಬಲ್ಲ ಕಾರು ಅಲ್ಲಿ ಅರ್ಧ ನಿದ್ದೆಯಲ್ಲಿರುತ್ತದೆ.

ಹಾಗಾದರೆ ಆ ಕುದುರೆಗಳೆಲ್ಲ ದಂಡವೇ? ಹಾಗೇನಿಲ್ಲ. ನಿತ್ಯದ ಓಡಾಟಕ್ಕೆ ನೋಡಬೇಕಾದ ಅಂಕಿ ಬೇರೆ: ಈ ಎಂಜಿನ್ 400 ನ್ಯೂಟನ್-ಮೀಟರ್ ಎಳೆತವನ್ನು ನಿಮಿಷಕ್ಕೆ 1550 ಸುತ್ತಿನಿಂದಲೇ ಕೊಡುತ್ತದೆ. ಎಂಜಿನ್ ಕಿರುಚದೆಯೇ, ಬಲಗಾಲನ್ನು ತುಸು ಒತ್ತಿದರೆ ಸಾಕು, ಲಾರಿಯನ್ನು ದಾಟಿ ಎಡಕ್ಕೆ ಸೇರಿಕೊಳ್ಳಬಹುದು. ಎದುರಿನಿಂದ ಬಸ್ಸು ಬರುವ ಎರಡು ಸಾಲಿನ ರಸ್ತೆಯಲ್ಲಿ ಎದುರು ಬದಿಯಲ್ಲಿ ಕಳೆಯುವ ಸೆಕೆಂಡುಗಳು ಕಡಿಮೆಯಾದಷ್ಟೂ ಒಳ್ಳೆಯದು. ಪಿಕಪ್ ಇಲ್ಲಿ ಸುರಕ್ಷತೆಯ ವಿಚಾರ.

ಅಂಕಿಗಳಲ್ಲಿ ಕಾಣದ ಇನ್ನೊಂದು ಗುಣ ಗೇರ್‌ಬಾಕ್ಸಿನದ್ದು. ಇದರಲ್ಲಿರುವುದು ಜರ್ಮನಿಯ ಝಡ್‌ಎಫ್ ಕಂಪನಿ ರೂಪಿಸಿದ ಎಂಟು ಗೇರಿನ ಆಟೊಮ್ಯಾಟಿಕ್. ಎಂಜಿನ್ನಿಗೂ ಗೇರಿಗೂ ನಡುವೆ ಎಣ್ಣೆಯ ಮೂಲಕ ಶಕ್ತಿ ಸಾಗಿಸುವ ಟಾರ್ಕ್ ಕನ್ವರ್ಟರ್ ಇರುವುದರಿಂದ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಇಂಚಿಂಚು ಸರಿಯುವಾಗ ಜಗ್ಗಾಟವಿಲ್ಲ. ಎರಡು ಕ್ಲಚ್ಚಿನ ಗೇರ್‌ಬಾಕ್ಸುಗಳು ವೇಗದಲ್ಲಿ ಚುರುಕು. ತೆವಳುವ ಟ್ರಾಫಿಕ್ಕಿನಲ್ಲಿ ಅವುಗಳ ಕ್ಲಚ್ಚು ಅರ್ಧ ಹಿಡಿದು ಅರ್ಧ ಬಿಡುತ್ತ ಬಿಸಿಯಾಗುತ್ತದೆ. ಟೆಸ್ಟ್ ಡ್ರೈವಿಗೆ ಶೋರೂಂನವರು ಖಾಲಿ ರಸ್ತೆಗೆ ಕರೆದೊಯ್ಯುವುದು ವಾಡಿಕೆ. ಸಂಜೆ ಆರೂವರೆಗೆ, ಆಫೀಸು ಬಿಡುವ ಹೊತ್ತಿಗೆ ಕೇಳಿದರೆ ಕಾರಿನ ನಿಜವಾದ ಸ್ವಭಾವ ಹತ್ತು ನಿಮಿಷದಲ್ಲಿ ಗೊತ್ತಾದೀತು.

ಆ ಟೆಸ್ಟ್ ಡ್ರೈವಿಗೆ ಮನೆಯ ಹಿರಿಯರನ್ನೂ ಕರೆದೊಯ್ಯಬೇಕು. ಸ್ಪೋರ್ಟ್ಸ್ ಸೆಡಾನ್ ನೆಲಕ್ಕೆ ಹತ್ತಿರವಾಗಿರುವುದು ತಿರುವಿನಲ್ಲಿ ವಾಲದಿರಲಿ ಎಂದು. ಮಂಡಿನೋವಿನ ಅಜ್ಜಿಗೆ ಅದು ಗುಂಡಿಗಿಳಿದು ಎದ್ದುಬಂದ ಹಾಗೆ. ಸೆರಗು ಹಿಡಿದು, ತಲೆ ತಗ್ಗಿಸಿ, ಒಂದು ಕೈಯಲ್ಲಿ ಬಾಗಿಲನ್ನೂ ಇನ್ನೊಂದರಲ್ಲಿ ಮೊಮ್ಮಗನ ಭುಜವನ್ನೂ ಹಿಡಿದು ಏಳಬೇಕು. ಅರ್ಧ ಗೇಣು ಹೆಚ್ಚಿನ ಜಾಗ ಇಲ್ಲಿ ನಿಜಕ್ಕೂ ನೆರವಿಗೆ ಬರುತ್ತದೆ: ಹಿಂದಿನ ಬಾಗಿಲು ಅಗಲವಾಗಿದೆ, ಕಾಲು ಹೊರಗೆ ತೆಗೆಯಲು ಎಡೆಯಿದೆ. ಸೀಟಿನ ಎತ್ತರವನ್ನು ಮಾತ್ರ ಅದು ಹೆಚ್ಚಿಸಲಾರದು.

ಚಾಲಕರಿಗೂ ಒಂದು ದೂರಿದೆ. 2022ರ ಪರಿಷ್ಕರಣೆಯಲ್ಲಿ ಬಾಗಿದ ದೊಡ್ಡ ಪರದೆ ಬಂತು, ಎಸಿಯ ಗುಂಡಿಗಳು ಬಹುಪಾಲು ಮಾಯವಾದವು. ತಣ್ಣಗೆ ಮಾಡಲು ರಸ್ತೆಯಿಂದ ಕಣ್ಣು ತೆಗೆದು ಗಾಜು ಒತ್ತಬೇಕು. ಯುರೋಪಿನಲ್ಲಿ ಕಾರುಗಳ ಸುರಕ್ಷತೆಗೆ ಅಂಕ ಕೊಡುವ ಯೂರೊ ಎನ್‌ಕ್ಯಾಪ್ 2026ರಿಂದ ಇಂಡಿಕೇಟರ್, ವೈಪರ್, ಹಾರ್ನ್‌ನಂಥ ಮುಖ್ಯ ಕೆಲಸಗಳಿಗೆ ಕೈಗೆ ಸಿಗುವ ಗುಂಡಿ ಅಥವಾ ಕಡ್ಡಿ ಇರಲೇಬೇಕೆಂಬ ನಿಲುವು ತಳೆದಿದೆ. ಎಸಿ ಆ ಪಟ್ಟಿಯಲ್ಲಿಲ್ಲ; ಬಹುಶಃ ಅವರು ಏಪ್ರಿಲ್‌ನಲ್ಲಿ ರಾಯಚೂರಿಗೆ ಬಂದಿಲ್ಲ.

ಮೈಲೇಜ್ ಬಗ್ಗೆ ಚುಟುಕಾಗಿ. ಕಂಪನಿ ಪ್ರಕಟಿಸುವ ಅಂಕಿ ಬರುವುದು ರೋಲರ್‌ಗಳ ಮೇಲೆ ಕಾರು ಓಡಿಸಿ ಮಾಡುವ ಪರೀಕ್ಷೆಯಿಂದ. ಅಲ್ಲಿ ಸರಾಸರಿ ವೇಗ ಗಂಟೆಗೆ ಸುಮಾರು 32 ಕಿಲೋಮೀಟರ್, ಗರಿಷ್ಠ 90, ಎಸಿ ಬಂದ್. ಇಪ್ಪತ್ತರ ವೇಗದಲ್ಲಿ ಎಸಿ ಹಾಕಿಕೊಂಡು ನಿಂತು ಹೊರಡುವ ನಗರದಲ್ಲಿ ಆ ಅಂಕಿಯನ್ನು ನಂಬುವ ಹಾಗಿಲ್ಲ. ತೆರಿಗೆಯ ಲೆಕ್ಕ ಇನ್ನೂ ಖಾರ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳ ಮೇಲೆ ಜಿಎಸ್‌ಟಿ ಶೇ. 40, ಮೊದಲು ಇಂಥ ಸೆಡಾನ್‌ಗಳಿಗೆ ಸೆಸ್ ಸೇರಿ 48 ಇತ್ತು. ಅದರ ಮೇಲೆ ಕರ್ನಾಟಕದಲ್ಲಿ ಇಪ್ಪತ್ತು ಲಕ್ಷ ಮೀರಿದ ಕಾರಿಗೆ ಶೇ. 18ರ ಜೀವಾವಧಿ ತೆರಿಗೆ. ಅರವತ್ತು ಲಕ್ಷಕ್ಕೆ ಇದೊಂದೇ ಹತ್ತು ಲಕ್ಷ ಮೀರುತ್ತದೆ. ಆ ಹಣಕ್ಕೆ ಒಳ್ಳೆಯದೊಂದು ಹ್ಯಾಚ್‌ಬ್ಯಾಕ್ ಬರುತ್ತದೆ, ಅದೂ ಗೇಟಿನ ಹೊರಗಿನ ಉಬ್ಬಿಗೆ ತಾಗದಂಥದ್ದು.

ಸದಾ ಹಿಂದಿನ ಸೀಟಿನಲ್ಲೇ ಕೂರುವವರಿಗೆ ಬೇರೆ ದಾರಿಯೂ ಇದೆ. ಲೆಕ್ಸಸ್ ಇಎಸ್ 300ಎಚ್ ಕಾರನ್ನು 2020ರಲ್ಲಿ ಬಿಡದಿಯ ಟೊಯೊಟ ಕಾರ್ಖಾನೆಯಲ್ಲಿ ಜೋಡಿಸಲು ಶುರುಮಾಡಿದರು. ಮುಂದಿನ ಗಾಲಿ ಎಳೆಯುವ, ಮೆತ್ತನೆಯ ಹೈಬ್ರಿಡ್ ಅದು. ನಗರದಲ್ಲಿ ತೆವಳುವಾಗ ಎಂಜಿನ್ ಆರಿಸಿ ಬ್ಯಾಟರಿಯಲ್ಲಿ ಸರಿಯುತ್ತದೆ. ಚಾರ್ಮಾಡಿಯಲ್ಲಿ ಓಡಿಸಿದವರು ಅದನ್ನು ಹೊಗಳಿ ಹಾಡುವುದಿಲ್ಲ, ಅದರಲ್ಲಿ ಕುಳಿತು ನಿದ್ದೆಹೋದವರು ದೂರುವುದೂ ಇಲ್ಲ.

ಓಡಿಸುವವರ ಕಾರು ಬೇರೆ, ಹಿಂದೆ ಕೂರುವವರ ಕಾರು ಬೇರೆ ಎಂಬುದು ಬಿಎಂಡಬ್ಲ್ಯುವಿಗೂ ಗೊತ್ತಿದ್ದಂತೆ ಕಾಣುತ್ತದೆ. ಗ್ರ್ಯಾನ್ ಲಿಮೋಸಿನ್ ಬಂದು ಎರಡು ತಿಂಗಳಿಗೆ, 2021ರ ಮಾರ್ಚ್‌ನಲ್ಲಿ, ಎಂ340ಐ ಎಂಬ ಇನ್ನೊಂದು 3 ಸೀರೀಸ್ ಇಲ್ಲಿಗೆ ಬಂತು. ಮೂರು ಲೀಟರಿನ ಆರು ಸಿಲಿಂಡರ್ ಎಂಜಿನ್, ನಾಲ್ಕೂ ಗಾಲಿಗೆ ಶಕ್ತಿ, ನೂರು ಮುಟ್ಟಲು 4.4 ಸೆಕೆಂಡು. ಗಾಲಿಗಳ ನಡುವಿನ ಅಂತರ ಮಾತ್ರ ಹಳೆಯ 2851 ಮಿಲಿಮೀಟರ್. ಎರಡನ್ನೂ ಜೋಡಿಸಿದ್ದು ಚೆನ್ನೈ ಬಳಿಯ ಒಂದೇ ಕಾರ್ಖಾನೆ. ಒಂದರಲ್ಲಿ ಅರ್ಧ ಗೇಣು ಹಿಂದಿನ ಸೀಟಿಗೆ ಸೇರಿತು, ಇನ್ನೊಂದರಲ್ಲಿ ಹೆಚ್ಚುವರಿ ಎರಡು ಸಿಲಿಂಡರ್ ಬಾನೆಟ್ಟಿನ ಕೆಳಗೆ ಸೇರಿದವು.