ಗಣಕಯಂತ್ರದ ಲೆಕ್ಕದ ಹಾಳೆ: ಅಂಕಿಗಳನ್ನು ಬರೆಯುವ ಕ್ರಮ

ಮಾರಾಟದ ಪಟ್ಟಿ, ಗೊಬ್ಬರದ ಖರ್ಚು, ಆಳುಗಳ ಬಟವಾಡೆ, ಸಂಘದ ಸಾಲದ ಕಂತು ಇವೆಲ್ಲವನ್ನೂ ನಮ್ಮ ಸದಸ್ಯರಲ್ಲಿ ಹಲವರು ಈಗ ಗಣಕಯಂತ್ರದಲ್ಲಿ ಅಥವಾ ಮೊಬೈಲಿನಲ್ಲಿ ಎಕ್ಸೆಲ್ ಹಾಳೆ ತೆರೆದು ಬರೆಯುತ್ತಿದ್ದಾರೆ. ಹರಪನಹಳ್ಳಿ, ಹಡಗಲಿ ಕಡೆಗಳಲ್ಲಿ ಕೊಳವೆ ಬಾವಿಯ ನೀರನ್ನು ನಂಬಿ ಅಡಿಕೆ ಹಾಕಿದ ಸಣ್ಣ ಬೆಳೆಗಾರರ ಮನೆಗಳಲ್ಲಿ ಓದಿದ ಮಕ್ಕಳು ಈ ಕೆಲಸವನ್ನು ವಹಿಸಿಕೊಂಡಿರುವುದು ಸಂತೋಷದ ಸಂಗತಿ. ಆದರೆ ಹಾಳೆಯಲ್ಲಿ ಅಂಕಿಗಳನ್ನು ಬರೆಯುವ ಕ್ರಮ ತಿಳಿಯದಿದ್ದರೆ, ಲೆಕ್ಕವು ನೋಡಲು ಚೆನ್ನಾಗಿದ್ದೂ ಒಳಗೆ ತಪ್ಪಾಗಿರುತ್ತದೆ. ಆದ್ದರಿಂದ ಈ ವಿಷಯದ ಮುಖ್ಯ ಅಂಶಗಳನ್ನು ಇಲ್ಲಿ ವಿವರಿಸುತ್ತೇವೆ.

ತೋರುವ ಅಂಕಿ, ಇರುವ ಅಂಕಿ

ಇಂಥ ಹಾಳೆ ಹೊಸದೇನಲ್ಲ. 1979ರಲ್ಲಿ ಅಮೆರಿಕದಲ್ಲಿ ಡಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಎಂಬುವರು ವಿಸಿಕ್ಯಾಲ್ಕ್ ಎಂಬ ಹೆಸರಿನಲ್ಲಿ ಇದನ್ನು ಹೊರತಂದರು. 1985ರಲ್ಲಿ ಎಕ್ಸೆಲ್ ಬಂದಿತು. ಹಾಳೆಯ ಒಂದೊಂದು ಮನೆಗೂ ಸೆಲ್ ಎಂದು ಹೆಸರು. ಸೆಲ್ಲಿನ ಒಳಗೆ ಇರುವ ಬೆಲೆ ಒಂದು, ಅದು ಕಣ್ಣಿಗೆ ಕಾಣುವ ರೂಪ ಇನ್ನೊಂದು. ರೂಪವನ್ನು ಬದಲಿಸುವುದಕ್ಕೆ ಫಾರ್ಮ್ಯಾಟ್ ಎನ್ನುತ್ತಾರೆ. ರೂಪ ಬದಲಾದರೂ ಬೆಲೆ ಬದಲಾಗುವುದಿಲ್ಲ. ಈ ಒಂದು ಮಾತನ್ನು ನೆನಪಿಟ್ಟರೆ ಮುಂದಿನದೆಲ್ಲ ಸುಲಭ.

ಬೇಕಾದ ಸೆಲ್ಲುಗಳನ್ನು ಆರಿಸಿ, ಕಂಟ್ರೋಲ್ ಕೀಲಿಯೊಡನೆ 1ನ್ನು ಒತ್ತಿದರೆ 'ಫಾರ್ಮ್ಯಾಟ್ ಸೆಲ್ಸ್' ಎಂಬ ಚೌಕ ತೆರೆಯುತ್ತದೆ. ಅದರಲ್ಲಿ ಜನರಲ್, ನಂಬರ್, ಡೇಟ್, ಪರ್ಸೆಂಟೇಜ್, ಟೆಕ್ಸ್ಟ್, ಕಸ್ಟಮ್ ಮೊದಲಾದ ಬಗೆಗಳಿವೆ. ಯಾವ ಅಂಕಣಕ್ಕೆ ಯಾವ ಬಗೆ ಎಂಬುದನ್ನು ಬರೆಯುವ ಮೊದಲೇ ಗೊತ್ತುಮಾಡಬೇಕು.

ಹೆಸರಾಗಿರುವ ಅಂಕಿಗಳು

ನಮ್ಮ ಸೀಮೆಯನ್ನು ಹಳೆಯ ಶಾಸನಗಳು 'ಕೋಗಳಿ-500' ಎಂದು ಕರೆದಿವೆ. ಆ 500 ನಾಡಿನ ಹೆಸರಿನೊಂದಿಗೆ ಸೇರಿಹೋದ ಅಂಕಿ. ಅದನ್ನು ಬನವಾಸಿಯ 12000ದೊಡನೆ ಯಾರೂ ಕೂಡಿಸಿ ಮೊತ್ತ ತೆಗೆಯುವುದಿಲ್ಲ. ಇಂದಿನ ಸರ್ವೆ ನಂಬರು, ಬ್ಯಾಂಕ್ ಖಾತೆ ನಂಬರು, ಆಧಾರ್ ನಂಬರುಗಳೂ ಹಾಗೆಯೇ. ಇವನ್ನು ಕೂಡುವುದಿಲ್ಲ, ಕಳೆಯುವುದಿಲ್ಲ. ಆದ್ದರಿಂದ ಈ ಅಂಕಣಗಳಿಗೆ ಮೊದಲೇ ಟೆಕ್ಸ್ಟ್ ಎಂಬ ಬಗೆಯನ್ನು ಕೊಡಬೇಕು. ಕೊಡದಿದ್ದರೆ ಆಗುವ ತೊಂದರೆಗಳು ಹೀಗಿವೆ.

ಸರ್ವೆ ನಂಬರು 12/3 ಎಂದು ಬರೆದೊಡನೆ ಎಕ್ಸೆಲ್ ಅದನ್ನು ಮಾರ್ಚ್ 12ನೇ ತಾರೀಕು ಎಂದು ತಿಳಿಯುತ್ತದೆ. ಆಮೇಲೆ ಟೆಕ್ಸ್ಟ್ ಎಂದು ಬದಲಿಸಲು ಹೋದರೆ 12/3 ಮರಳುವುದಿಲ್ಲ. 2024ರಲ್ಲಿ ಬರೆದದ್ದಾದರೆ 45363 ಎಂಬ ಅಂಕಿ ಕಾಣುತ್ತದೆ. ಎಕ್ಸೆಲ್ ತಾರೀಕುಗಳನ್ನು 1900ರ ಜನವರಿ 1ನ್ನು ಒಂದನೇ ದಿನವೆಂದು ಹಿಡಿದು ಎಣಿಸುವುದೇ ಇದಕ್ಕೆ ಕಾರಣ. ಅಳಿಸಿ, ಟೆಕ್ಸ್ಟ್ ಮಾಡಿ, ಹೊಸದಾಗಿ ಬರೆಯುವುದೊಂದೇ ದಾರಿ. ಈ ಕಾಟ ವಿಜ್ಞಾನಿಗಳನ್ನೂ ಬಿಟ್ಟಿಲ್ಲ. 'ಮಾರ್ಚ್1' ಎಂಬಂಥ ವಂಶವಾಹಿಗಳ ಹೆಸರು ಹಾಳೆಯಲ್ಲಿ ತಾರೀಕಾಗುತ್ತಿದ್ದುದರಿಂದ, 2020ರಲ್ಲಿ ಅವುಗಳ ಹೆಸರನ್ನೇ ಬದಲಿಸಿದ ಸುದ್ದಿ ಹೊರಬಂದಿತು.

ಖಾತೆ ನಂಬರು ಸೊನ್ನೆಯಿಂದ ಆರಂಭವಾದರೆ ಆ ಸೊನ್ನೆ ಹಾರಿಹೋಗುತ್ತದೆ. ಎಕ್ಸೆಲ್ 15 ಅಂಕಿಗಳನ್ನು ಮಾತ್ರ ಸರಿಯಾಗಿ ಹಿಡಿದಿಡುತ್ತದೆ. 16 ಅಂಕಿಯ ಖಾತೆ ನಂಬರಾದರೆ ಕೊನೆಯ ಅಂಕಿ ಸೊನ್ನೆಯಾಗುತ್ತದೆ. 1234567890123456 ಎಂದು ಬರೆದರೆ 1234567890123450 ಎಂದು ಉಳಿಯುತ್ತದೆ. ಇಂಥ ನಂಬರಿಗೆ ಕಳಿಸಿದ ಹಣ ಬೆಳೆಗಾರನ ಕೈ ಸೇರುವುದು ಹೇಗೆ? ಒಂದೆರಡು ನಂಬರು ಮಾತ್ರ ಬರೆಯುವುದಿದ್ದರೆ, ಮುಂದೆ ಒಂದು ಒಂಟಿ ಉದ್ಧರಣ ಚಿಹ್ನೆ (') ಹಾಕಿದರೂ ಅದು ಬರಹವಾಗಿಯೇ ನಿಲ್ಲುತ್ತದೆ.

ತೂಕ ಮತ್ತು ಧಾರಣೆ

'210 ಕೆ.ಜಿ.' ಎಂದು, '50,000 ರೂ.' ಎಂದು ಸೆಲ್ಲಿನಲ್ಲಿ ಅಕ್ಷರ ಸೇರಿಸಿ ಬರೆಯುವುದು ನಮ್ಮ ವಾಡಿಕೆ. ಆದರೆ ಅಕ್ಷರ ಸೇರಿದೊಡನೆ ಅದು ಬರಹವಾಗುತ್ತದೆ; ಮೊತ್ತ ತೆಗೆಯುವಾಗ ಎಕ್ಸೆಲ್ ಅದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಹತ್ತು ಪಟ್ಟಿಯಲ್ಲಿ ಒಂದು ಹೀಗಿದ್ದರೂ ಮೊತ್ತ ಕಡಿಮೆಯಾಗುತ್ತದೆ. ಗುರುತಿಸುವುದು ಸುಲಭ. ನಾವಾಗಿ ಸರಿಸದಿದ್ದರೆ, ಅಂಕಿ ಸೆಲ್ಲಿನ ಬಲಕ್ಕೆ ನಿಲ್ಲುತ್ತದೆ, ಬರಹ ಎಡಕ್ಕೆ ನಿಲ್ಲುತ್ತದೆ. ಕ್ವಿಂಟಾಲ್ ಎಂದು ಕಾಣಲೇಬೇಕೆಂದರೆ ಕಸ್ಟಮ್ ಎಂಬಲ್ಲಿ 0.00" ಕ್ವಿ." ಎಂದು ಬರೆಯಿರಿ. ಆಗ ಸೆಲ್ಲಿನಲ್ಲಿ ಬರಿಯ ಅಂಕಿ ಇರುತ್ತದೆ, ಕಣ್ಣಿಗೆ ಕ್ವಿಂಟಾಲ್ ಕಾಣುತ್ತದೆ.

ಇನ್ನು ಬಿಂದುವಿನ ವಿಚಾರ. 3 ಕ್ವಿಂಟಾಲ್ 5 ಕೆ.ಜಿ. ಎಂಬುದು 3.05, ಅದನ್ನು 3.5 ಎಂದು ಬರೆದರೆ 3 ಕ್ವಿಂಟಾಲ್ 50 ಕೆ.ಜಿ. ಆಗುತ್ತದೆ. ಲೆಕ್ಕಕ್ಕೆ ಸುಲಭವಾಗಲೆಂದು ಕ್ವಿಂಟಾಲಿಗೆ 50,000 ರೂ. ಎಂದಿಟ್ಟುಕೊಂಡರೆ, ವ್ಯತ್ಯಾಸ 22,500 ರೂ. ತೂಕದ ಅಂಕಣಕ್ಕೆ ಬಿಂದುವಿನ ನಂತರ ಎರಡು ಸ್ಥಾನ ಕಾಣುವಂತೆ ಮಾಡಿದರೆ 3.50 ಎಂದು ಎದ್ದು ಕಂಡು, ತಪ್ಪು ಒಡನೆ ತಿಳಿಯುತ್ತದೆ. ಅಡಿಕೆ ಧಾರಣೆ ಕ್ವಿಂಟಾಲಿಗೆ, ಕಾಫಿ ಧಾರಣೆ 50 ಕೆ.ಜಿ. ಚೀಲಕ್ಕೆ ಹೇಳುವುದು ರೂಢಿ. ಎರಡೂ ಬೆಳೆ ಇರುವ ಸದಸ್ಯರು ಇವನ್ನು ಒಂದೇ ಅಂಕಣದಲ್ಲಿ ಬೆರೆಸಬಾರದು.

ಎಕರೆ-ಗುಂಟೆ

ಇಲ್ಲಿ ಹೆಚ್ಚಿನ ಎಚ್ಚರ ಬೇಕು. 2 ಎಕರೆ 20 ಗುಂಟೆಯನ್ನು 2.20 ಎಂದು ಬರೆದರೆ ಹಾಳೆಯಲ್ಲಿ 2.2 ಎಂದು ಕಾಣುತ್ತದೆ. ಓದುವವರು 2 ಗುಂಟೆ ಎಂದುಕೊಳ್ಳಬಹುದು. ಇದಕ್ಕಿಂತ ದೊಡ್ಡ ತಪ್ಪು ಕೂಡುವಾಗ ಆಗುತ್ತದೆ. 2.20, 1.30, 0.35 ಈ ಮೂರನ್ನು ಹಾಳೆ ಕೂಡಿದರೆ 3.85 ಬರುತ್ತದೆ. ಆದರೆ ಎಕರೆಗೆ 40 ಗುಂಟೆ. ನಿಜವಾದ ಮೊತ್ತ 205 ಗುಂಟೆ, ಅಂದರೆ 5 ಎಕರೆ 5 ಗುಂಟೆ. ಯಾವ ಫಾರ್ಮ್ಯಾಟೂ ಇದನ್ನು ಸರಿಪಡಿಸಲಾರದು. ಎಕರೆಗೆ ಒಂದು, ಗುಂಟೆಗೆ ಒಂದು ಅಂಕಣ ಇಟ್ಟು, ಎಕರೆಯನ್ನು 40ರಿಂದ ಗುಣಿಸಿ ಗುಂಟೆಯನ್ನು ಕೂಡಿಸುವ ಮೂರನೆಯ ಅಂಕಣ ಮಾಡಬೇಕು. ಒಟ್ಟು ಮೊತ್ತವನ್ನು ಮೂರನೆಯ ಅಂಕಣದಲ್ಲಿಯೇ ತೆಗೆಯಬೇಕು.

ರೂಪಾಯಿ, ಪೈಸೆ, ತಾರೀಕು

ಪೈಸೆ ಕಾಣದಂತೆ ಮಾಡಿದರೂ ಅದು ಒಳಗೆ ಇದ್ದೇ ಇರುತ್ತದೆ. 333.40 ರೂಪಾಯಿಯ ಮೂರು ಬಾಬುಗಳು 333, 333, 333 ಎಂದು ಕಾಣುತ್ತವೆ. ಮೊತ್ತ ಮಾತ್ರ 1,000 ಎಂದು ಕಾಣುತ್ತದೆ. ಕೈಯಲ್ಲಿ ಕೂಡಿದವರಿಗೆ 999 ಬಂದು ಜಗಳಕ್ಕೆ ಕಾರಣವಾಗುತ್ತದೆ. ಪೈಸೆ ಬಿಡುವುದೇ ಆದರೆ ರೌಂಡ್ ಎಂಬ ಸೂತ್ರದಿಂದ ಪ್ರತಿ ಬಾಬನ್ನೂ ಪೂರ್ಣ ರೂಪಾಯಿ ಮಾಡಿ ಆಮೇಲೆ ಕೂಡಬೇಕು.

ಲಕ್ಷ, ಕೋಟಿಯ ಅಲ್ಪವಿರಾಮ ನಮ್ಮ ರೀತಿಯಲ್ಲಿ, ಅಂದರೆ 12,34,567 ಎಂದು ಬರಬೇಕಾದರೆ, ವಿಂಡೋಸ್‌ನ ರೀಜನ್ ವಿಭಾಗದಲ್ಲಿ ಇಂಗ್ಲಿಷ್ (ಇಂಡಿಯಾ) ಎಂದು ಆರಿಸಬೇಕು. ತಾರೀಕು ಮೊದಲು, ತಿಂಗಳು ಆಮೇಲೆ ಎಂಬ ಕ್ರಮವೂ ಅಲ್ಲಿಂದಲೇ ಬರುತ್ತದೆ. ಅಮೆರಿಕದ ಕ್ರಮ ಉಳಿದಿದ್ದರೆ 05-04 ಎಂಬುದು ಏಪ್ರಿಲ್ 5ರ ಬದಲು ಮೇ 4 ಆಗಿ, ಸಾಲದ ಬಡ್ಡಿಯ ದಿನಗಳು ವ್ಯತ್ಯಾಸವಾಗುತ್ತವೆ. ತಾರೀಕನ್ನು ಚುಕ್ಕೆ ಇಟ್ಟು ಬರೆಯದೆ, ಅಡ್ಡಗೆರೆ ಇಟ್ಟು ಬರೆಯಿರಿ. ಸಾಮಾನ್ಯವಾಗಿ ಚುಕ್ಕೆ ಇಟ್ಟ 12.03.2024 ಬರಹವಾಗಿ ಉಳಿದು, ದಿನ ಎಣಿಸಲು ಬಾರದು.

ಶೇಕಡಾ ಲೆಕ್ಕದಲ್ಲಿಯೂ ಕ್ರಮ ಇದೇ. 2 ಎಂದು ಬರೆದು ಆಮೇಲೆ ಪರ್ಸೆಂಟೇಜ್ ಮಾಡಿದರೆ ಶೇ. 200 ಆಗುತ್ತದೆ. ಮೊದಲು ಪರ್ಸೆಂಟೇಜ್ ಮಾಡಿ ಆಮೇಲೆ 2 ಎಂದು ಬರೆದರೆ ಶೇ. 2 ಆಗುತ್ತದೆ. ಸೆಲ್ಲಿನ ತುಂಬ ##### ಎಂದು ಕಂಡರೆ ಗಾಬರಿ ಬೇಡ. ಅಂಕಣ ಕಿರಿದಾಗಿದೆ ಎಂದಷ್ಟೇ ಅರ್ಥ. ಅಗಲ ಮಾಡಿದರೆ ಅಂಕಿ ಕಾಣುತ್ತದೆ.

ಬೆಳೆಗಾರರು ಹೊಸ ಹಾಳೆ ಆರಂಭಿಸುವಾಗ ಮೊದಲು ಅಂಕಣಗಳ ಬಗೆ ಗೊತ್ತುಮಾಡಿ, ಆಮೇಲೆ ಬರೆಯಬೇಕು. ತಿಂಗಳಿಗೊಮ್ಮೆ ಒಂದೆರಡು ಪಟ್ಟಿಗಳನ್ನು ತೂಕದ ಚೀಟಿಯೊಡನೆ ಇಟ್ಟು ಕೈಯಿಂದ ಕೂಡಿ ನೋಡಬೇಕು. ಚೀಟಿಗಳನ್ನು ಮಾತ್ರ ಎಸೆಯಬಾರದು. ಹಾಳೆಯ ಅಂಕಿಯ ಬಗ್ಗೆ ಸಂಶಯ ಬಂದ ದಿನ ಸಾಕ್ಷಿಯಾಗಿ ಉಳಿಯುವುದು ಅವೇ.